ಆಟಗಾರರು ಅವರೇ ಇರುವಾಗ ತಂಡ ಯಾಕೆ ಕುಸಿಯುತ್ತದೆ?

ನಾನು ಫುಟ್‌ಬಾಲ್ ಬಗ್ಗೆ ಬರೆಯುತ್ತೇನೆ ಎಂದು ಗೊತ್ತಿರುವವರೆಲ್ಲ ಯಾವಾಗಲಾದರೊಮ್ಮೆ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಚೆನ್ನಾಗಿ ಗೆಲ್ಲುತ್ತಿದ್ದ ತಂಡ. ಸೀಸನ್ ನಡುವೆ ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಬಿಟ್ಟು ಹೋಗುತ್ತಾರೆ. ಅಲ್ಲಿಂದ ಸೋಲಿನ ಮೇಲೆ ಸೋಲು. ಗೋಲ್‌ಕೀಪರ್ ಅವರೇ, ಸ್ಟ್ರೈಕರ್ ಅವರೇ, ಮೈದಾನವೂ ಅದೇ. ಗೆರೆಯಾಚೆ ನಿಂತು ಕೂಗುವ ಒಬ್ಬರು ಬದಲಾದರೆ ಇಷ್ಟೊಂದು ವ್ಯತ್ಯಾಸವಾಗುತ್ತದೆಯೇ? ಕ್ರಿಕೆಟ್ ನೋಡಿ ಬೆಳೆದವರಿಗಂತೂ ಇದು ನಂಬಲಾಗದ ಮಾತು. "ಕೋಚ್ ಏನು ಒಳಗೆ ಬಂದು ಆಡ್ತಾರಾ?" ಎನ್ನುತ್ತಾರೆ.

ವ್ಯತ್ಯಾಸವಾಗುತ್ತದೆ. ಆದರೆ ಹೋದವರು ಮಹಾಮೇಧಾವಿ, ಬಂದವರು ದಡ್ಡರು ಎಂಬ ಕಾರಣಕ್ಕಲ್ಲ. ಇದನ್ನು ವಿವರಿಸಲು ನನಗೆ ಸ್ಪೋರ್ಟಿಂಗ್ ಲಿಸ್ಬನ್‌ನ 2024-25ರ ಸೀಸನ್‌ಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಆ ವರ್ಷ ನವೆಂಬರ್ ಹೊತ್ತಿಗೆ ಮ್ಯಾನೇಜರ್ ರೂಬೆನ್ ಅಮೊರಿಮ್ ಅವರ ಸ್ಪೋರ್ಟಿಂಗ್ ಪೋರ್ಚುಗಲ್ ಲೀಗ್‌ನಲ್ಲಿ ಆಡಿದ 11 ಪಂದ್ಯಗಳನ್ನೂ ಗೆದ್ದಿತ್ತು. ನವೆಂಬರ್ 5ರಂದು ಯುರೋಪಿನ ಅಗ್ರ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 4-1ರಿಂದ ಬಗ್ಗುಬಡಿಯಿತು. ಸ್ಟ್ರೈಕರ್ ವಿಕ್ಟರ್ ಯೋಕೆರೆಸ್ ಅಂದು ಹ್ಯಾಟ್ರಿಕ್, ಅಂದರೆ ಮೂರು ಗೋಲು, ಹೊಡೆದರು. ಐದು ದಿನ ಕಳೆದ ಮೇಲೆ ಬ್ರಾಗಾದಲ್ಲಿ ಅರ್ಧಾವಧಿಗೆ 0-2 ಹಿಂದಿದ್ದ ತಂಡ 4-2ರಿಂದ ಗೆದ್ದಿತು. ಅದೇ ಅಮೊರಿಮ್ ಅವರ ಕೊನೆಯ ಪಂದ್ಯ. ಎರಿಕ್ ಟೆನ್ ಹಾಗ್ ಅವರನ್ನು ತೆಗೆದುಹಾಕಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ಅಮೊರಿಮ್ ಅವರನ್ನು ಕರೆಸಿಕೊಂಡಿತು. ಸೀಸನ್ ಮುಗಿಸಿಕೊಂಡು ಬರುತ್ತೇನೆ ಎಂದು ಅವರು ಕೇಳಿಕೊಂಡಿದ್ದರು. ಬರುವುದಾದರೆ ಈಗಲೇ, ಇಲ್ಲದಿದ್ದರೆ ಇಲ್ಲ ಎಂಬ ಉತ್ತರ ಬಂತು ಎಂದು ಅವರೇ ಹೇಳಿದ್ದಾರೆ.

ಸ್ಪೋರ್ಟಿಂಗ್ ತನ್ನದೇ ಬಿ ತಂಡದ ಕೋಚ್ ಜೊವಾವ್ ಪೆರೇರಾ ಅವರನ್ನು ಆ ಜಾಗಕ್ಕೆ ತಂದಿತು. ಅದೇ ಕ್ಲಬ್‌ಗೆ ಆಡಿದ್ದವರು, ಕ್ಲಬ್‌ನ ಮೂಲೆಮೂಲೆ ಗೊತ್ತಿದ್ದವರು. ಕಪ್ ಟೂರ್ನಿಯಲ್ಲಿ ಕೆಳ ದರ್ಜೆಯ ತಂಡವೊಂದನ್ನು 6-0ರಿಂದ ಸೋಲಿಸಿ ಆರಂಭಿಸಿದರು. ಆಮೇಲೆ ಆರ್ಸೆನಲ್ ಲಿಸ್ಬನ್‌ಗೇ ಬಂದು 5-1ರಿಂದ ಹೊಡೆದು ಹೋಯಿತು. ತವರಿನಲ್ಲಿ ಸಾಂತಾ ಕ್ಲಾರಾ ಎದುರು 0-1, ಮೊರೈರೆನ್ಸೆ ಎದುರು 1-2, ಬೆಲ್ಜಿಯಂನ ಬ್ರೂಜ್ ಎದುರು 1-2. ಸಾಲಾಗಿ ನಾಲ್ಕು ಸೋಲು. ಕ್ರಿಸ್‌ಮಸ್ ಮುಗಿಯುತ್ತಿದ್ದಂತೆ ಪೆರೇರಾ ಹುದ್ದೆಯಲ್ಲಿರಲಿಲ್ಲ. ಒಟ್ಟು ಎಂಟು ಪಂದ್ಯ, ಅಷ್ಟೇ.

ಸಾಲದ್ದಕ್ಕೆ ಆಕ್ರಮಣದ ಜೀವಾಳವಾಗಿದ್ದ ಪೆಡ್ರೊ ಗೊನ್ಸಾಲ್ವೆಸ್ ಅದೇ ನವೆಂಬರ್‌ನಲ್ಲಿ ಗಾಯಗೊಂಡು ತಿಂಗಳುಗಟ್ಟಲೆ ಹೊರಗುಳಿದರು. ಎಲ್ಲ ಸೋಲನ್ನೂ ಮ್ಯಾನೇಜರ್ ಬದಲಾವಣೆಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಆದರೆ ಆ ಪಂದ್ಯಗಳನ್ನು ನೋಡಿದವರಿಗೆ, ಒಬ್ಬ ಆಟಗಾರ ಇಲ್ಲದ್ದಷ್ಟೇ ತೊಂದರೆಯಲ್ಲ ಎನ್ನುವುದು ಕಣ್ಣಿಗೆ ಹೊಡೆದು ಕಾಣುತ್ತಿತ್ತು.

ಕ್ರಿಕೆಟ್‌ನಲ್ಲಿ ಪ್ರತಿ ಎಸೆತದ ನಂತರ ಆಟ ನಿಲ್ಲುತ್ತದೆ. ಕ್ಯಾಪ್ಟನ್ ಫೀಲ್ಡ್ ಬದಲಿಸಬಹುದು, ಬೌಲರ್ ಹೆಗಲ ಮೇಲೆ ಕೈಹಾಕಿ ಮಾತಾಡಬಹುದು. ಫುಟ್‌ಬಾಲ್‌ನಲ್ಲಿ 45 ನಿಮಿಷ ಆಟ ಓಡುತ್ತಲೇ ಇರುತ್ತದೆ. ಹಾಗಾಗಿ ಯೋಚಿಸಬೇಕಾದದ್ದನ್ನು ಮೊದಲೇ ಯೋಚಿಸಿ ಕಾಲಿಗೆ ಕಲಿಸಿರಬೇಕು. ಅಮೊರಿಮ್ ಅವರದು ಮೂರು ಡಿಫೆಂಡರ್‌ಗಳ ವ್ಯವಸ್ಥೆ. ಎದುರಾಳಿಯ ಡಿಫೆಂಡರ್ ಚೆಂಡನ್ನು ಪಕ್ಕಕ್ಕೆ ಕೊಟ್ಟ ಕ್ಷಣ ವಿಂಗ್ ಬ್ಯಾಕ್, ಅಂದರೆ ಮೈದಾನದ ಅಂಚಿನಲ್ಲಿ ಹಿಂದೆ ಮುಂದೆ ಓಡುವ ಆಟಗಾರ, ಮುನ್ನುಗ್ಗಬೇಕೇ, ಕಾಯಬೇಕೇ? ನುಗ್ಗಿದರೆ ಅವರ ಹಿಂದೆ ಬಿಟ್ಟ ಜಾಗಕ್ಕೆ ಸರಿಯುವವರು ಮೂವರಲ್ಲಿ ಯಾರು? ಆಗ ಮಿಡ್‌ಫೀಲ್ಡರ್ ಎಷ್ಟು ಹೆಜ್ಜೆ ಕೆಳಗಿಳಿಯಬೇಕು? ಇಂಥ ನೂರಾರು ಒಪ್ಪಂದಗಳು ಆಟಗಾರರ ನಡುವೆ ಇರುತ್ತವೆ. ಸ್ಪೋರ್ಟಿಂಗ್ ಆಟಗಾರರು ಅವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರು. ಅಮೊರಿಮ್ ಅಲ್ಲಿಗೆ ಬಂದದ್ದು 2020ರ ಮಾರ್ಚ್‌ನಲ್ಲಿ.

ಹೊಸಬರು ಬಂದು ಏನನ್ನೂ ಬದಲಿಸುವುದಿಲ್ಲ ಎಂದರೂ ಬದಲಾಗುತ್ತದೆ. ಒಂದು ಸೂಚನೆಯನ್ನು ಬೇರೆ ಮಾತಿನಲ್ಲಿ ಹೇಳುತ್ತಾರೆ. ಮುಂದಿನ ಸಾಲಿನವರು ಹಳೆಯದರಂತೆ ಓಡುತ್ತಾರೆ, ಹಿಂದಿನವರು ಹೊಸದರಂತೆ ಒಂದು ಕ್ಷಣ ಕಾಯುತ್ತಾರೆ. ಇಬ್ಬರ ನಡುವೆ ಹದಿನೈದು ಗಜ ಖಾಲಿ ಬೀಳುತ್ತದೆ. ಆರ್ಸೆನಲ್‌ನಂಥ ತಂಡಕ್ಕೆ ಅಷ್ಟು ಸಾಕು. ಹಳೆಯ ವ್ಯವಸ್ಥೆಯೂ ಗೆಲ್ಲಿಸಬಲ್ಲದು, ಹೊಸ ವ್ಯವಸ್ಥೆಯೂ ಗೆಲ್ಲಿಸಬಲ್ಲದು. ಸೋಲಿಸುವುದು ಎರಡರ ನಡುವಿನ ಈ ಅವಧಿ.

ಹಾಗಾದರೆ ಅಭ್ಯಾಸ ಮಾಡಿಸಬಾರದೇ ಎಂದು ಕೇಳುತ್ತಾರೆ. ಯಾವಾಗ ಮಾಡಿಸುವುದು? ನವೆಂಬರ್ 26ರಿಂದ ಡಿಸೆಂಬರ್ 14ರೊಳಗೆ ಸ್ಪೋರ್ಟಿಂಗ್ ಐದು ಪಂದ್ಯ ಆಡಿತು. ಪಂದ್ಯದ ಮಾರನೆಯ ದಿನ ದಣಿವಾರಿಸಿಕೊಳ್ಳಲು, ಪಂದ್ಯದ ಹಿಂದಿನ ದಿನ ಹಗುರ ಅಭ್ಯಾಸಕ್ಕೆ ಹೋಗುತ್ತದೆ. ಉಳಿಯುವುದು ಒಂದು ದಿನ, ಹೆಚ್ಚೆಂದರೆ ಎರಡು. ಹೊಸ ಆಟಗಾರರನ್ನು ತರೋಣವೆಂದರೆ ಅದಕ್ಕೆಂದೇ ಗೊತ್ತುಮಾಡಿದ ಅವಧಿ, ಟ್ರಾನ್ಸ್‌ಫರ್ ವಿಂಡೊ, ಜನವರಿಯವರೆಗೆ ತೆರೆಯುವುದಿಲ್ಲ. ಬೇರೆಯವರು ಕಟ್ಟಿದ ತಂಡವನ್ನು, ಅದೂ ಅಭ್ಯಾಸಕ್ಕೆ ಸಮಯವಿಲ್ಲದೆ, ಗೆಲ್ಲಿಸಿಕೊಡು ಎಂದು ಬಿ ತಂಡದ ಕೋಚ್‌ಗೆ ಹೇಳಿದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಪೆರೇರಾ ಎಂಥ ಕೋಚ್ ಎಂದು ಆ ಎಂಟು ಪಂದ್ಯಗಳಿಂದ ಯಾರೂ ತೀರ್ಮಾನಿಸಲಾರರು.

ಆಟದ ಲೆಕ್ಕಾಚಾರಕ್ಕಿಂತ ಡ್ರೆಸ್ಸಿಂಗ್ ರೂಮ್ ಇನ್ನೂ ಸೂಕ್ಷ್ಮ. ಮ್ಯಾನೇಜರ್ ತಾನಾಗಿ ಬಿಟ್ಟು ಹೋದಾಗ ಆಟಗಾರರಿಗೆ ಸಿಗುವ ಸಂದೇಶವೇನು? ಇದಕ್ಕಿಂತ ದೊಡ್ಡ ಜಾಗ ಇದೆ, ನಾನು ಅಲ್ಲಿಗೆ ಹೊರಟೆ ಎಂದು. "ಈ ಬಾರಿ ಕಪ್ ನಮ್ಮದೇ" ಎಂದು ಹುರಿದುಂಬಿಸಿದವರೇ ನಡುವೆ ಎದ್ದು ಹೋದರೆ, ನಾನೇಕೆ ಇಲ್ಲಿರಬೇಕು ಎಂಬ ಯೋಚನೆ ಒಳ್ಳೆಯ ಆಟಗಾರರಿಗೆ ಬಂದೇ ಬರುತ್ತದೆ. ಬೆಂಚಿನಲ್ಲಿ ಕೂತಿದ್ದವರಿಗೆ ಹೊಸ ಆಸೆ ಹುಟ್ಟುತ್ತದೆ, ಆಡುತ್ತಿದ್ದವರಿಗೆ ಹೊಸ ಭಯ. ಯಾರೂ ಬೇಕೆಂದು ಕಡಿಮೆ ಓಡುವುದಿಲ್ಲ. ಆದರೆ ತಪ್ಪಾಗಬಾರದು ಎಂಬ ಎಚ್ಚರದಲ್ಲಿ ಪಾಸ್ ಮುಂದಕ್ಕೆ ಹೋಗುವ ಬದಲು ಪಕ್ಕಕ್ಕೆ ಹೋಗುತ್ತದೆ.

ಇದರ ಜೊತೆಗೆ, ಹೋಗುವವರು ಒಬ್ಬರೇ ಹೋಗುವುದಿಲ್ಲ. ಸಹಾಯಕರನ್ನೂ ಕರೆದೊಯ್ಯುತ್ತಾರೆ. ದಿನದ ಅಭ್ಯಾಸ ಮಾಡಿಸುವವರು, ಕಾರ್ನರ್ ಕಿಕ್‌ಗಳ ಯೋಜನೆ ಹಾಕುವವರು, ಯಾರ ತೊಡೆ ಸ್ನಾಯು ಬಿಗಿಯಾಗಿದೆ ಎಂದು ಬಲ್ಲವರು ಅವರೇ. 2019ರ ಫೆಬ್ರವರಿಯಲ್ಲಿ ಬ್ರೆಂಡನ್ ರಾಜರ್ಸ್ ಸ್ಕಾಟ್ಲೆಂಡಿನ ಸೆಲ್ಟಿಕ್ ಬಿಟ್ಟು ಲೆಸ್ಟರ್‌ಗೆ ಹೋದಾಗ ಸಹಾಯಕರಲ್ಲಿ ಜಾನ್ ಕೆನಡಿ ಕ್ಲಬ್‌ನಲ್ಲೇ ಉಳಿದರು. ಹಿಂದೆ ಅದೇ ಕ್ಲಬ್ ನಡೆಸಿದ್ದ ನೀಲ್ ಲೆನನ್ ಬಂದು ಸೇರಿಕೊಂಡರು. ಸೆಲ್ಟಿಕ್ ಆ ಸೀಸನ್‌ನಲ್ಲಿ ದೇಶದ ಮೂರೂ ಪ್ರಶಸ್ತಿ ಗೆದ್ದಿತು. ಸ್ಕಾಟ್ಲೆಂಡಿನಲ್ಲಿ ಅವರಿಗೆ ಸರಿಸಮ ತಂಡ ಇರಲಿಲ್ಲ ಎನ್ನುವುದೂ ನಿಜ. ಆದರೂ ಪರಿಚಯದ ಮುಖ ಉಳಿದದ್ದು ನೆರವಾಯಿತು ಎಂದು ನನಗನಿಸುತ್ತದೆ.

ಹಾಗೆಂದು ಸಹಾಯಕರನ್ನೇ ಮ್ಯಾನೇಜರ್ ಮಾಡಿಬಿಟ್ಟರೆ ಮುಗಿಯಿತೇ? ಇಲ್ಲ. 2015ರ ಜನವರಿ ಹೊತ್ತಿಗೆ ಅಲನ್ ಪಾರ್ಡ್ಯೂ ನ್ಯೂಕಾಸಲ್ ಬಿಟ್ಟು ಕ್ರಿಸ್ಟಲ್ ಪ್ಯಾಲೆಸ್‌ಗೆ ಹೋದರು. ನ್ಯೂಕಾಸಲ್ ಆಗ ಅಂಕಪಟ್ಟಿಯ ನಡುಭಾಗದಲ್ಲಿ ನೆಮ್ಮದಿಯಾಗಿತ್ತು. ಅವರ ಸಹಾಯಕ ಜಾನ್ ಕಾರ್ವರ್ ಅವರಿಗೇ ಸೀಸನ್ ಮುಗಿಯುವವರೆಗೆ ಹೊಣೆ ಕೊಟ್ಟರು. ಮಾರ್ಚ್‌ನಿಂದ ಮೇ ನಡುವೆ ತಂಡ ಲೀಗ್‌ನಲ್ಲಿ ಸತತ ಎಂಟು ಪಂದ್ಯ ಸೋತಿತು. ಕೊನೆಯ ದಿನ ವೆಸ್ಟ್ ಹ್ಯಾಮ್ ಎದುರು 2-0ರಿಂದ ಗೆದ್ದು, ಕೆಳಗಿನ ದರ್ಜೆಗೆ ಇಳಿಯದೆ 15ನೇ ಸ್ಥಾನದಲ್ಲಿ ಜೀವ ಉಳಿಸಿಕೊಂಡಿತು. ಎರಡನೇ ಗೋಲು ಹೊಡೆದವರು ಕ್ಯಾನ್ಸರ್‌ನಿಂದ ಗುಣವಾಗಿ ಬಂದಿದ್ದ ಜೋನಸ್ ಗುಟಿಯೆರೆಸ್. ಪಾರ್ಡ್ಯೂ ಹೋಗಿ ಸೇರಿದ ಪ್ಯಾಲೆಸ್ ಕೆಳಗಿಂದ ಎದ್ದು ಬಂದು 10ನೇ ಸ್ಥಾನದಲ್ಲಿ ಮುಗಿಸಿತು.

ಸಹಾಯಕರ ಪಾತ್ರವೇ ಬೇರೆ. ಮ್ಯಾನೇಜರ್ ಬೈದಾಗ ಆಟಗಾರರು ಮನಸ್ಸು ಬಿಚ್ಚಿ ಮಾತಾಡುವುದು ಸಹಾಯಕರ ಹತ್ತಿರ. ಅವರೇ ನಾಳೆಯಿಂದ "ನೀನು ಈ ವಾರ ತಂಡದಲ್ಲಿಲ್ಲ" ಎಂದು ಹೇಳುವವರಾದರೆ ಹಳೆಯ ಸಲುಗೆಯೂ ಹೋಯಿತು, ಹೊಸ ಅಧಿಕಾರವೂ ಸಿಗಲಿಲ್ಲ ಎಂಬಂತಾಗುತ್ತದೆ. 1991ರ ಫೆಬ್ರವರಿಯಲ್ಲಿ ಲಿವರ್‌ಪೂಲ್ ಅಗ್ರಸ್ಥಾನದಲ್ಲಿದ್ದಾಗ, ಎವರ್ಟನ್ ಜೊತೆಗಿನ 4-4 ಪಂದ್ಯದ ಬೆನ್ನಲ್ಲೇ ಕೆನ್ನಿ ಡಾಲ್‌ಗ್ಲಿಶ್ ಒತ್ತಡ ತಾಳಲಾರದೆ ರಾಜೀನಾಮೆ ಕೊಟ್ಟರು. ಹಂಗಾಮಿಯಾಗಿ ನಿಂತ ರಾನಿ ಮೊರಾನ್ ದಶಕಗಳಿಂದ ಅದೇ ಕ್ಲಬ್‌ನಲ್ಲಿದ್ದವರು. ಮೊದಲ ಮೂರು ಪಂದ್ಯಗಳನ್ನೂ ತಂಡ ಸೋತಿತು. ಲೀಗ್ ಆರ್ಸೆನಲ್ ಪಾಲಾಯಿತು. ಲಿವರ್‌ಪೂಲ್ ಮತ್ತೆ ಲೀಗ್ ಗೆದ್ದದ್ದು 2020ರಲ್ಲಿ.

ಇಷ್ಟು ಹೇಳಿದ ಮೇಲೆ ಯಾರಾದರೂ ಲೆಸ್ಟರ್ ಹೆಸರು ತೆಗೆಯುತ್ತಾರೆ. 2017ರ ಫೆಬ್ರವರಿಯಲ್ಲಿ ಕ್ಲಾಡಿಯೊ ರಾನಿಯೇರಿ ಅವರನ್ನು ತೆಗೆದ ಕೂಡಲೇ ಕ್ರೇಗ್ ಶೇಕ್ಸ್‌ಪಿಯರ್ ಕೈಯಲ್ಲಿ ಅದೇ ತಂಡ ಲೀಗ್‌ನ ಐದು ಪಂದ್ಯ ಸಾಲಾಗಿ ಗೆಲ್ಲಲಿಲ್ಲವೇ? ಗೆದ್ದಿತು. ಆದರೆ ತೆಗೆದುಹಾಕುವುದು ಬೇರೆ, ಬಿಟ್ಟು ಹೋಗುವುದು ಬೇರೆ. ತೆಗೆಯುವುದು ತಂಡ ತನ್ನ ಯೋಗ್ಯತೆಗಿಂತ ಕೆಳಗೆ ಬಿದ್ದಾಗ. ಅಲ್ಲಿಂದ ಏಳುವುದು ಸಹಜ. ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ನೆದರ್‌ಲೆಂಡ್ಸ್ ಲೀಗ್‌ನ 1986ರಿಂದ 2004ರವರೆಗಿನ ಲೆಕ್ಕ ತೆಗೆದು ನೋಡಿದ್ದಾರೆ. ಅಷ್ಟೇ ಕೆಳಗೆ ಬಿದ್ದೂ ಮ್ಯಾನೇಜರ್‌ನನ್ನು ಉಳಿಸಿಕೊಂಡ ತಂಡಗಳೂ ಹಾಗೇ ಚೇತರಿಸಿಕೊಂಡಿದ್ದವು. ಒಬ್ಬರನ್ನು ಬೇರೆ ಕ್ಲಬ್ ಬಂದು ಕರೆದೊಯ್ಯುವುದಾದರೋ ಸಾಮಾನ್ಯವಾಗಿ ತಂಡ ಏರುತ್ತಿರುವಾಗ. ಹನ್ನೊಂದಕ್ಕೆ ಹನ್ನೊಂದು ಗೆದ್ದಿರುವ ತಂಡ ಇನ್ನೂ ಮೇಲೆ ಹೋಗಲು ಜಾಗವೆಲ್ಲಿದೆ? ಅಮೊರಿಮ್ ಅಲ್ಲೇ ಉಳಿದಿದ್ದರೂ ಡಿಸೆಂಬರ್‌ನಲ್ಲಿ ಒಂದೆರಡು ಪಂದ್ಯ ಕೈತಪ್ಪುತ್ತಿತ್ತೇನೋ. ಆದರೆ ಆಗ ಅದನ್ನು ಯಾರೂ ಬಿಕ್ಕಟ್ಟು ಎನ್ನುತ್ತಿರಲಿಲ್ಲ.

ಬ್ರೈಟನ್ ಬಗ್ಗೆ ಹೇಳದಿದ್ದರೆ ಈ ಉತ್ತರ ಪೂರ್ತಿಯಾಗುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಚೆಲ್ಸಿ ಥಾಮಸ್ ಟುಖೆಲ್ ಅವರನ್ನು ತೆಗೆದು, ಮರುದಿನವೇ ಬ್ರೈಟನ್‌ನ ಗ್ರಹಾಂ ಪಾಟರ್ ಅವರನ್ನು, ಗೋಲ್‌ಕೀಪಿಂಗ್ ಕೋಚ್ ಸಮೇತ ಸಹಾಯಕರ ಜೊತೆಗೇ ಕರೆದುಕೊಂಡಿತು. ಬ್ರೈಟನ್ ಆಗ ನಾಲ್ಕನೇ ಸ್ಥಾನದಲ್ಲಿತ್ತು. ಹತ್ತು ದಿನದಲ್ಲಿ ರಾಬರ್ಟೊ ಡಿ ಜೆರ್ಬಿ ಬಂದರು. ಮೊದಲ ಐದು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ನಂತರ ಪಾಟರ್ ಅವರ ಚೆಲ್ಸಿಯನ್ನೇ 4-1ರಿಂದ ಸೋಲಿಸಿದರು. ಸೀಸನ್ ಮುಗಿದಾಗ ಬ್ರೈಟನ್ 6ನೇ ಸ್ಥಾನದಲ್ಲಿತ್ತು, ಮೊದಲ ಬಾರಿಗೆ ಯುರೋಪಿನ ಟೂರ್ನಿಗೆ ಅರ್ಹತೆ ಪಡೆದಿತ್ತು. ಚೆಲ್ಸಿ 12ನೇ ಸ್ಥಾನದಲ್ಲಿತ್ತು, ಪಾಟರ್ ಏಪ್ರಿಲ್‌ನಲ್ಲೇ ಕೆಲಸ ಕಳೆದುಕೊಂಡಿದ್ದರು.

ಟೋನಿ ಬ್ಲೂಮ್ ಒಡೆತನದ ಬ್ರೈಟನ್ ಕ್ಲಬ್ ಯಾರಾದರೂ ಹೋದರೆ ಮುಂದೆ ಯಾರು ಎಂಬ ಪಟ್ಟಿಯನ್ನು ಸದಾ ಸಿದ್ಧವಾಗಿಟ್ಟುಕೊಳ್ಳುತ್ತದೆ, ಕೋಚ್ ಹುದ್ದೆಗೂ. ಅದೃಷ್ಟವೂ ಜೊತೆಗೂಡಿತು: ಸೆಪ್ಟೆಂಬರ್‌ನ ಪಂದ್ಯಗಳು ಮುಂದೂಡಲ್ಪಟ್ಟು, ಅಂತರರಾಷ್ಟ್ರೀಯ ಬಿಡುವೂ ಬಂದು, ಡಿ ಜೆರ್ಬಿ ಅವರಿಗೆ ಮೊದಲ ಪಂದ್ಯಕ್ಕೆ ಮುಂಚೆ ಹೆಚ್ಚುಕಡಿಮೆ ಎರಡು ವಾರ ಸಿಕ್ಕಿತು. ಆದರೆ ನಾನು ಎಲ್ಲಕ್ಕಿಂತ ಮೆಚ್ಚುವುದು ಆ ಐದು ಗೆಲುವಿಲ್ಲದ ಪಂದ್ಯಗಳ ಕಾಲದಲ್ಲಿ ಕ್ಲಬ್ ತೋರಿದ ತಾಳ್ಮೆ. ಪೆರೇರಾ ಅವರಿಗೆ ಸಿಗದೇ ಹೋದದ್ದು ಅದು.

ಸ್ಪೋರ್ಟಿಂಗ್ ಕೊನೆಗೆ ಚೇತರಿಸಿಕೊಂಡಿತು. ವಿಟೋರಿಯಾ ಗಿಮರೈಸ್‌ನಿಂದ ರೂಯಿ ಬೋರ್ಜೆಸ್ ಅವರನ್ನು ತಂದಿತು. ಮೊದಲ ಪಂದ್ಯದಲ್ಲೇ ಅವರು ಬೆನ್ಫಿಕಾವನ್ನು 1-0ರಿಂದ ಸೋಲಿಸಿದರು. ಮೊದಲು ನಾಲ್ಕು ಡಿಫೆಂಡರ್‌ಗಳ ಆಟಕ್ಕೆ ಬದಲಿಸಿ, ಮುಂದೆ ಆಟಗಾರರಿಗೆ ರೂಢಿಯಿದ್ದ ಮೂವರ ವ್ಯವಸ್ಥೆಗೇ ಮರಳಿದರು. ಲೀಗ್ ಮತ್ತು ಕಪ್ ಎರಡನ್ನೂ ಗೆದ್ದರು. ಆದರೆ ಗಿಮರೈಸ್‌ನ ಅಭಿಮಾನಿಗಳ ಕಡೆಯಿಂದ ನೋಡಿ. ಅವರ ಕೋಚ್‌ನನ್ನು ಡಿಸೆಂಬರ್‌ನಲ್ಲಿ ಎತ್ತಿಕೊಂಡು ಹೋದರು. ಒಂದೇ ಸೀಸನ್‌ನಲ್ಲಿ ಮೂವರು ಕೋಚ್‌ಗಳನ್ನು ಕಂಡ ಆ ತಂಡ, ಕೊನೆಯ ದಿನ ಲಿಸ್ಬನ್‌ನಲ್ಲಿ ಸ್ಪೋರ್ಟಿಂಗ್ ಎದುರು 0-2ರಿಂದ ಸೋತಿತು. ಸ್ಪೋರ್ಟಿಂಗ್ ಚಾಂಪಿಯನ್ ಆದದ್ದು ಅದೇ ಪಂದ್ಯದಲ್ಲಿ. 2020ರ ಮಾರ್ಚ್‌ನಲ್ಲಿ ಅಮೊರಿಮ್ ಅವರನ್ನು ಬ್ರಾಗಾದಿಂದ ಸೀಸನ್ ನಡುವೆ ತಂದದ್ದೂ ಇದೇ ಸ್ಪೋರ್ಟಿಂಗ್. ಇತ್ತ ಅಮೊರಿಮ್ ಅವರ ಮ್ಯಾಂಚೆಸ್ಟರ್ ಯುನೈಟೆಡ್ 15ನೇ ಸ್ಥಾನದಲ್ಲಿ ಮುಗಿಸಿ, ಯುರೋಪಾ ಲೀಗ್ ಫೈನಲ್‌ನಲ್ಲೂ ಸೋತಿತು.

ಆಟಗಾರರಿಗೆ ಟ್ರಾನ್ಸ್‌ಫರ್ ವಿಂಡೊ ಇರುವಾಗ ಕೋಚ್‌ಗಳಿಗೆ ಯಾಕಿಲ್ಲ ಎಂದು ನಾನು ಯಾವಾಗಲೂ ಕೇಳುತ್ತೇನೆ. ಯಾರನ್ನಾದರೂ ತೆಗೆಯಬೇಕಿದ್ದರೆ ತೆಗೆಯಲಿ, ಕೆಲಸದಲ್ಲಿಲ್ಲದ ಕೋಚ್‌ಗಳನ್ನು ಯಾವ ತಿಂಗಳು ಬೇಕಾದರೂ ನೇಮಿಸಿಕೊಳ್ಳಲಿ. ಬೇರೆ ಕ್ಲಬ್‌ನಲ್ಲಿ ಕೆಲಸದಲ್ಲಿರುವವರನ್ನು ಮಾತ್ರ ಸೀಸನ್ ಮುಗಿದ ಮೇಲೆ ಕರೆಯಲಿ. ಆ ನಿಯಮವಿದ್ದಿದ್ದರೆ ಅಮೊರಿಮ್ ತಾವೇ ಕೇಳಿಕೊಂಡಿದ್ದಂತೆ ಮೇ ತಿಂಗಳವರೆಗೆ ಲಿಸ್ಬನ್‌ನಲ್ಲಿರುತ್ತಿದ್ದರು, ಬೋರ್ಜೆಸ್ ಗಿಮರೈಸ್‌ನಲ್ಲಿರುತ್ತಿದ್ದರು, ಪೆರೇರಾ ಬಿ ತಂಡದ ಹುಡುಗರಿಗೆ ಆಟ ಕಲಿಸುತ್ತಿರುತ್ತಿದ್ದರು.