ಅಲ್ಲಿಗೆ ಕೈ ಹೋಗುತ್ತಾ?

"ಅಲ್ಲಿಗೆ ಕೈ ಹೋಗುತ್ತಾ?" ಅಂತ, ಕೆಟ್ಟು ನಿಂತ ನಮ್ಮ ಬಸ್ಸು ನೋಡಿ ನಿಲ್ಲಿಸಿದ ಹೆಂಗಸೊಬ್ಬರು ಕೇಳಿದಾಗ ನಮ್ಮ ಭಾವ ಉತ್ತರ ಕೊಡಲಿಲ್ಲ. ಬಸ್ಸಿನ ಹಿಂಭಾಗದ ಕಡೆ ಒಮ್ಮೆ ನೋಡಿದರು. ಆಮೇಲೆ ಅಕ್ಕನ ಮುಖ ನೋಡಿದರು. ಊರಿಗೆ ವಾಪಸ್ ಬಂದರೂ ಈ ವಾರವೆಲ್ಲಾ ನನ್ನ ತಲೆಯಲ್ಲಿ ಅದೇ ಓಡುತ್ತಿದೆ. ಪಾತ್ರೆ ತೊಳೆಯುವಾಗಲೂ ಅದೇ, ಆಫೀಸಿನ ಮೀಟಿಂಗ್‌ನಲ್ಲಿ ಮ್ಯೂಟ್ ಹಾಕಿ ಕೂತಾಗಲೂ ಅದೇ.

ಬಸ್ಸು ಅಂದರೆ ಹಳೇ ಸ್ಕೂಲ್ ಬಸ್ಸು. ಶಾಲೆಯವರು ಓಡಿಸಿ ಬಿಟ್ಟಿದ್ದನ್ನು ಭಾವ ಹರಾಜಿನಲ್ಲಿ ತಗೊಂಡರು. ಸೀಟೆಲ್ಲಾ ಕಿತ್ತು ಒಳಗೊಂದು ಮನೆ ಕಟ್ಟಿದ್ದಾರೆ. ಅಡುಗೆ ಕಟ್ಟೆ, ಸಿಂಕು, ಮಂಚ, ಟಾಯ್ಲೆಟ್ ಎಲ್ಲಾ ಇದೆ. ಹೊರಗೆ ನೀಲಿ ಬಣ್ಣ. ಅಕ್ಕನಿಗೆ ಹಳದಿಯನ್ನೇ ಉಳಿಸಿಕೊಳ್ಳುವ ಆಸೆ ಇತ್ತು. ಆದರೆ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಶಾಲೆಗೆ ಓಡದ ಬಸ್ಸಿಗೆ ಆ ಬಣ್ಣ ಇರಕೂಡದು. ಬದಿಯ ಸ್ಟಾಪ್ ಬೋರ್ಡೂ ಇರಕೂಡದು. ಹಾಗಾಗಿ ನೀಲಿ.

ಭಾವನ ತಯಾರಿ ಬಗ್ಗೆ ಹೇಳಲೇಬೇಕು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತರೆ ಏನು ಮಾಡಬೇಕು ಅನ್ನೋದರಲ್ಲಿ ಅವರನ್ನು ಮೀರಿಸುವವರು ಇಲ್ಲ. ಅಂದರೆ ಅವರೇ ಹಾಗೆ ಅಂದುಕೊಂಡಿದ್ದಾರೆ. ಬಸ್ಸಿನ ಹೊಟ್ಟೆಯಡಿಯ ಡಬ್ಬಿಗಳ ತುಂಬಾ ಸಾಮಾನು: ಎಂಜಿನ್ ಬೆಲ್ಟು, ಡೀಸೆಲ್ ಫಿಲ್ಟರು, ಹೋಸ್ ಅನ್ನುವ ರಬ್ಬರ್ ಪೈಪಿನ ತುಂಡುಗಳು, ಕ್ಲಾಂಪು, ಫ್ಯೂಸು, ಎಂಜಿನ್ ತಣ್ಣಗಿಡುವ ಕೂಲಂಟ್ ಎರಡು ಕ್ಯಾನ್, ಬಾಟಲ್ ಜಾಕ್. ಫಿಲ್ಟರಿನ ವಿಷಯದಲ್ಲಿ ಅವರನ್ನು ಮೆಚ್ಚಲೇಬೇಕು. ಹರಾಜಿಗೆ ಮುಂಚೆ ತಿಂಗಳುಗಟ್ಟಲೆ ನಿಂತ ಬಸ್ಸಿನ ಡೀಸೆಲ್ ಟ್ಯಾಂಕಿನಲ್ಲಿ ನೀರು ಸೇರಿ ಲೋಳೆ ಬೆಳೆದಿರುತ್ತೆ. ಓಡಿಸಲು ಶುರು ಮಾಡಿದರೆ ಅದೆಲ್ಲಾ ಎದ್ದು ಬಂದು ಫಿಲ್ಟರ್ ಕಟ್ಟಿಕೊಳ್ಳುತ್ತೆ. ಅದಕ್ಕೇ ಅವರ ಹತ್ತಿರ ಯಾವಾಗಲೂ ಜಾಸ್ತಿ ಫಿಲ್ಟರ್ ಇರುತ್ತೆ. ಡ್ರೈವರ್ ಸೀಟಿನ ಪಕ್ಕ ಲ್ಯಾಮಿನೇಟ್ ಮಾಡಿಸಿದ ಒಂದು ಕಾರ್ಡು ನೇತಾಡುತ್ತೆ. ಬ್ರೇಕಿನ ಗಾಳಿಯ ಒತ್ತಡ ಬಿದ್ದರೆ ಏನು ಮಾಡಬೇಕು, ಬಿಸಿ ಏರಿದರೆ ಏನು ಮಾಡಬೇಕು, ಎಲ್ಲಾ ಸಾಲು ಸಾಲಾಗಿ.

ಹೊರಡುವ ಮುಂಚೆ ರೋಡ್‌ಸೈಡ್ ಅಸಿಸ್ಟೆನ್ಸ್ ಕೊಡುವವರಿಗೆ ಫೋನ್ ಮಾಡಿ ಸಾಕಾಗಿದ್ದರು. ಒಬ್ಬರು ಬಸ್ಸಾದರೆ ನಮಗೆ ಬೇಡ ಅಂದರು. ಇನ್ನೊಬ್ಬರು ಕಂಪನಿಯಲ್ಲೇ ತಯಾರಾದ ಮೋಟರ್ ಹೋಮ್ ಮಾತ್ರ ಅಂದರು. ಮೂರನೆಯವಳು, ಪಾಪ ಚಿಕ್ಕ ಹುಡುಗಿ ಇರಬೇಕು, "ಸರ್, ಇದು ಬಸ್ಸಾ, ಮನೆನಾ?" ಅಂತ ಕೇಳಿದಳಂತೆ. ಭಾವನಿಗೆ ಆಗ ಸಿಟ್ಟು ಬಂತಂತೆ. ನನಗೇನೋ ಅವಳು ಕೇಳಿದ್ದು ಸರಿಯಾಗೇ ಇದೆ ಅನಿಸುತ್ತೆ.

ಈಗ ರಸ್ತೆಗೆ ಬರೋಣ. ನೆವಾಡಾ ರಾಜ್ಯದ ಮಧ್ಯೆ ಹಾದುಹೋಗುವ ಯುಎಸ್ 50. 1986ರಲ್ಲಿ ಲೈಫ್ ಪತ್ರಿಕೆ ಇದನ್ನು ಅಮೆರಿಕದಲ್ಲೇ ಅತ್ಯಂತ ಒಂಟಿ ರಸ್ತೆ ಅಂತ ಕರೆದ ಮೇಲೆ ಆ ಹೆಸರೇ ನಿಂತುಬಿಟ್ಟಿದೆ. ಒಂದು ಬೆಟ್ಟ ಹತ್ತಬೇಕು, ಇಳಿಯಬೇಕು, ಉದ್ದಕ್ಕೆ ಬಯಲು ದಾಟಬೇಕು, ಮತ್ತೆ ಬೆಟ್ಟ. ಯುರೀಕಾ ಬಿಟ್ಟರೆ ಮುಂದಿನ ಊರು ಆಸ್ಟಿನ್, ಸುಮಾರು 70 ಮೈಲಿ. ನಡುವೆ ಪೆಟ್ರೋಲ್ ಬಂಕೂ ಇಲ್ಲ, ಹೆಚ್ಚಿನ ಕಡೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಹಿಕಿಸನ್ ಸಮ್ಮಿಟ್ ಕಡೆಗೆ ಹತ್ತುತ್ತಿದ್ದೆವು. ಹಿಂದಿನಿಂದ ಸಿಹಿ ಸಿಹಿ ವಾಸನೆ ಬಂತು. ಅಕ್ಕ ಬೆಲ್ಲ ಏನಾದರೂ ಚೆಲ್ಲಿದೆಯಾ ಅಂತ ಡಬ್ಬಿ ನೋಡಲು ಎದ್ದಳು. ಅಷ್ಟರಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರತೊಡಗಿತು.

ಭಾವ ಕಾರ್ಡಿನಲ್ಲಿ ಬರೆದ ಹಾಗೇ ಮಾಡಿದರು. ಬಿಸಿ ಏರಿದರೆ ಹೀಟರ್ ಪೂರ್ತಿ ತೆರೆ, ಎಂಜಿನ್ನಿನ ಕಾವು ಸ್ವಲ್ಪ ಆ ದಾರಿಯಲ್ಲಿ ಹೋಗುತ್ತೆ. ಒಳ್ಳೆಯ ಸಲಹೆಯೇ. ಆದರೆ ಒಡೆದಿದ್ದೇ ಹೀಟರಿನ ಹೋಸು. ತೆರೆದ ಒಂದೇ ನಿಮಿಷಕ್ಕೆ ಹಿಂದಿನಿಂದ ಅಕ್ಕ ಕೂಗಿದಳು, "ರೀ, ಮಂಚದ ಕೆಳಗಿಂದ ನೀರು ಬರ್ತಿದೆ! ಸುಡ್ತಿದೆ!"

ಸ್ಕೂಲ್ ಬಸ್ಸಿನ ಒಂದು ಗುಟ್ಟು ನನಗೆ ಗೊತ್ತಾಗಿದ್ದೇ ಆಗ. ಕಾರಿನ ಹೀಟರ್ ಎಂಜಿನ್ ಪಕ್ಕದಲ್ಲೇ ಇರುತ್ತೆ. ಸ್ಕೂಲ್ ಬಸ್ಸಿನಲ್ಲಿ ಹಿಂದಿನ ಸಾಲಿನ ಮಕ್ಕಳಿಗೂ ಚಳಿಯಾಗಬಾರದಲ್ವಾ? ಅದಕ್ಕೆ ಹಿಂದುಗಡೆಯೂ ಹೀಟರ್. ಮುಂದಿರುವ ಎಂಜಿನ್ನಿನಿಂದ ಕುದಿಯುವ ಕೂಲಂಟನ್ನು ಹೊತ್ತು ಎರಡು ಹೋಸುಗಳು ಬಸ್ಸಿನ ಉದ್ದಕ್ಕೂ ಹೋಗುತ್ತವೆ, ಒಂದು ಹೋಗಲು, ಒಂದು ಬರಲು. ಆ ಉದ್ದದಲ್ಲಿ ಎಲ್ಲಿ ತೂತಾದರೂ ಎಂಜಿನ್ನಿನ ನೀರೇ ಖಾಲಿ. ಆ ಸಿಹಿ ವಾಸನೆ ಕೂಲಂಟಿನದೇ.

ಬಸ್ಸು ಬದಿಗೆ ಹಾಕಿ ಆಫ್ ಮಾಡಿದರು. ನನಗೆ ಬಂದ ಕೆಲಸ ರಸ್ತೆಯಲ್ಲಿ ಎಚ್ಚರಿಕೆಗೆ ಇಡುವ ತ್ರಿಕೋನಗಳು. ವ್ಯಾಪಾರಕ್ಕೆ ಓಡುವ ಲಾರಿ ಬಸ್ಸುಗಳಿಗೆ ಇಲ್ಲಿ ಫೆಡರಲ್ ನಿಯಮ ಇದೆ. ನಿಂತ 10 ನಿಮಿಷದೊಳಗೆ ತ್ರಿಕೋನ ಇಡಬೇಕು. ಎರಡೂ ಕಡೆಯಿಂದ ಗಾಡಿ ಬರುವ ರಸ್ತೆಯಾದರೆ ಒಂದು 10 ಅಡಿ ದೂರದಲ್ಲಿ, ಒಂದು 100 ಅಡಿ ಹಿಂದೆ, ಒಂದು 100 ಅಡಿ ಮುಂದೆ. ತಿರುವು, ಏರು ಇದ್ದರೆ ಇನ್ನೂ ದೂರ, 500 ಅಡಿವರೆಗೂ. ಭಾವ ಅದನ್ನೇ ಪಾಲಿಸುತ್ತಾರೆ. "ಎದೆ ಮುಂದೆ ಹಿಡ್ಕೊಂಡು ಹೋಗು ಕಣೇ, ಬರೋರಿಗೆ ನೀನು ಕಾಣ್ಬೇಕು" ಅಂದರು. ಈ ವಿಷಯದಲ್ಲಿ ಅವರ ಮೇಲೆ ನನಗೆ ಪೂರ್ತಿ ನಂಬಿಕೆ.

ಆ ತ್ರಿಕೋನ ನೋಡಿಯೇ ಆಕೆ ನಿಲ್ಲಿಸಿದ್ದು. ಧೂಳು ಹಿಡಿದ ಪಿಕಪ್, ಪಕ್ಕದ ಸೀಟಿನಲ್ಲಿ ನಾಯಿ, ಎಪ್ಪತ್ತರ ಆಸುಪಾಸಿನ ವಯಸ್ಸು. ಆ ಕಡೆಯ ರಸ್ತೆಗಳಲ್ಲೇ ವರ್ಷಗಟ್ಟಲೆ ಸ್ಕೂಲ್ ಬಸ್ ಓಡಿಸಿದವರಂತೆ. ಇಳಿದವರು ನಮಸ್ಕಾರ ಗಿಮಸ್ಕಾರ ಏನೂ ಇಲ್ಲ, ಮೂಗು ಅರಳಿಸಿ ವಾಸನೆ ನೋಡಿದರು.

"ಹಿಂದಿನ ಹೀಟರ್ ಇನ್ನೂ ಇಟ್ಟಿದ್ದೀರಾ?"

"ಹೌದು" ಅಂದರು ಭಾವ. ಮಲಗುವ ಕೋಣೆ ಬೆಚ್ಚಗಿರಲಿ ಅಂತ ಇಟ್ಟಿದ್ದು ಅಂತ ವಿವರಿಸಿದರು.

"ಹೋಸು ಎಲ್ಲಿ ಹೋಗುತ್ತೆ?"

"ಪ್ಯಾನೆಲ್ ಒಳಗೆ. ಮಂಚದ ಹಿಂದೆ."

"ಅಲ್ಲಿಗೆ ಕೈ ಹೋಗುತ್ತಾ?"

ಆ ಪ್ಯಾನೆಲ್ ಬಗ್ಗೆ ಹೇಳಲೇಬೇಕು. ಅದು ಭಾವನ ಹೆಮ್ಮೆ. ವಾಲ್‌ನಟ್ ಮರದ ತೆಳು ಹಲಗೆಗಳು, ಒಂದರ ಗೆರೆಗೆ ಇನ್ನೊಂದರ ಗೆರೆ ಕೂಡುವ ಹಾಗೆ ಜೋಡಿಸಿದ್ದು. ಒಂದು ಸ್ಕ್ರೂ ಕೂಡ ಕಾಣಲ್ಲ, ಎಲ್ಲಾ ಅಂಟು. ಬಂದವರೆಲ್ಲಾ ಕೈಯಾಡಿಸಿ ನೋಡುತ್ತಾರೆ. ಅದರ ಮುಂದೆ ಗೋಡೆಗೆ ಬಿಗಿದ ಮಂಚ. ಅದರ ಕೆಳಗೆ ಡ್ರಾಯರ್‌ಗಳು. ಎಲ್ಲದರ ಹಿಂದೆ ಆ ಹೋಸು. ಹೊಸ ಹೋಸು ಅವರ ಹತ್ತಿರ ಇತ್ತು, ಕ್ಲಾಂಪ್ ಇತ್ತು, ಸ್ಪ್ಯಾನರ್ ಇತ್ತು. ತೂತಿನ ಜಾಗಕ್ಕೆ ಮಾತ್ರ ದಾರಿ ಇರಲಿಲ್ಲ.

ಭಾವ ಉತ್ತರ ಕೊಡದಿದ್ದಾಗ ಆಕೆ ನಗಲಿಲ್ಲ, ಬೈಯಲೂ ಇಲ್ಲ. "ಹಾಗಾದ್ರೆ ಮುಂದಿನಿಂದಲೇ ಮುಗಿಸಿ" ಅಂದು ಬಾನೆಟ್ ಎತ್ತಿಸಿದರು. ಒಳಗೆ ಇಂಟರ್‌ನ್ಯಾಷನಲ್ ಕಂಪನಿಯ ಡಿಟಿ466, 7.6 ಲೀಟರಿನ ಆರು ಸಿಲಿಂಡರ್ ಎಂಜಿನ್. ಹಳೇ ಗೆಳತಿಯ ಮನೆಗೆ ಬಂದ ಹಾಗೆ ಆಕೆಯ ಕೈ ನೇರ ಹೀಟರಿನ ವಾಲ್ವ್‌ಗಳ ಹತ್ತಿರ ಹೋಯಿತು. ಆಮೇಲೆ ನನಗನಿಸಿತು, ಇದಕ್ಕೊಂದು ಕಾರಣ ಇದೆ. 1939ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಫ್ರಾಂಕ್ ಸೈರ್ ಅನ್ನುವ ಪ್ರೊಫೆಸರ್ ಒಂದು ಸಭೆ ಕರೆದು ಆ ಹಳದಿ ಬಣ್ಣವನ್ನು ಗೊತ್ತು ಮಾಡಿಸಿದರು. ಬಣ್ಣ ಒಂದೇ ಅಲ್ಲ, ಬಸ್ಸಿನ ಅಳತೆಗಳನ್ನೂ. ಒಂದು ಸ್ಕೂಲ್ ಬಸ್ಸು ಇನ್ನೊಂದರ ಹಾಗಿರಬೇಕು ಅನ್ನೋದು ಅಂದಿನಿಂದ ಬಂದ ಯೋಚನೆ. ಅದಕ್ಕೇ ಯಾರದೋ ಬಸ್ಸಿನಲ್ಲಿ ಇನ್ಯಾರದೋ ಕೈ ತಡಕಾಡದೆ ಹೋಗುತ್ತೆ. ನಾವು ಮನೆ ಮಾಡಿಕೊಂಡ ಭಾಗ ಮಾತ್ರ ಜಗತ್ತಿನಲ್ಲಿ ಒಂದೇ ಒಂದು, ಅದರ ನಕ್ಷೆ ಭಾವನ ತಲೆಯಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ.

ಒಂದು ವಾಲ್ವ್ ತಿರುಗಿತು. ಇನ್ನೊಂದು ತುಕ್ಕು ಹಿಡಿದು ಕೂತಿತ್ತು. ಎರಡೂ ಮುಚ್ಚದಿದ್ದರೆ ಬರುವ ದಾರಿಯಿಂದಲೂ ನೀರು ಹಿಂದಕ್ಕೆ ಹರಿಯುತ್ತೆ. "ಎರಡು ಹೋಸನ್ನೂ ಇಲ್ಲೇ ಕತ್ತರಿಸಿ, ಒಂದನ್ನು ಇನ್ನೊಂದಕ್ಕೆ ಸೇರಿಸಿ. ಹಿಂದಕ್ಕೆ ಹೋಗೋದೇ ಬೇಡ. ಆದ್ರೆ ತಣ್ಣಗಾಗೋವರೆಗೂ ಮುಟ್ಟಬೇಡಿ, ರೇಡಿಯೇಟರ್ ಕ್ಯಾಪ್ ಅಂತೂ ತೆಗೀಲೇಬೇಡಿ" ಅಂದರು. ಸಂಜೆ ಅದೇ ದಾರಿಯಲ್ಲಿ ವಾಪಸ್ ಬರ್ತೀನಿ, ಇನ್ನೂ ಇಲ್ಲೇ ಇದ್ದರೆ ನೋಡೋಣ ಅಂದು ಹೊರಟೇಬಿಟ್ಟರು. ಹೆಸರು ಕೂಡ ಕೇಳಲಿಲ್ಲ ನಾವು.

ಎಂಜಿನ್ ತಣ್ಣಗಾಗಲು ಕಾಯುವುದು ಒಂದು ವಿಚಿತ್ರ ಹೊತ್ತು. ಫೋನ್ ಇಲ್ಲ, ಮಾಡಲು ಕೆಲಸ ಇಲ್ಲ, ಎದ್ದು ಹೋಗಲು ಇನ್ನೊಂದು ಕೋಣೆ ಇಲ್ಲ. ಬಸ್ಸಿನ ನೆರಳಿನಲ್ಲಿ ಚಾಪೆ ಹಾಕಿ ಕೂತೆವು. ಆಗ ಅಕ್ಕ ಇದ್ದಕ್ಕಿದ್ದ ಹಾಗೆ, ಬೆಳಗಿನ ತಿಂಡಿ ಬಗ್ಗೆ ಕೇಳುವ ದನಿಯಲ್ಲೇ, "ರೀ, ನಮ್ಮ ಹತ್ರ ಈಗ ದುಡ್ಡೆಷ್ಟಿದೆ?" ಅಂದಳು.

ಭಾವನ ಕೆಲಸ ಹೋದ ಮೇಲೆ ಬಂದ ಬಸ್ಸು ಇದು. ನಮ್ಮ ಮನೆಯಲ್ಲಿ ಅದನ್ನು ಯಾರೂ ಆ ಮಾತಿನಲ್ಲಿ ಹೇಳಲ್ಲ. "ಬ್ರೇಕ್ ತಗೊಂಡಿದ್ದಾರೆ", "ಊರು ಸುತ್ತುತ್ತಿದ್ದಾರೆ" ಅಂತೀವಿ. ಅಮ್ಮ ಫೋನಿನಲ್ಲಿ ಬಸ್ಸಿನ ಕರ್ಟನ್ ಬಗ್ಗೆ ಕೇಳುತ್ತಾಳೆ. ನಾನು ವಾಲ್‌ನಟ್ ಬಗ್ಗೆ ಕೇಳುತ್ತೇನೆ. ಉಳಿತಾಯ ಎಷ್ಟಿದೆ, ಎಷ್ಟು ದಿನಕ್ಕೆ ಸಾಕು ಅಂತ ಯಾರೂ ಕೇಳಿಲ್ಲ. ಭಾವ ಒಳ್ಳೆಯವರು, ಆದರೆ ಬೇಸರದ ವಿಷಯವನ್ನು ಎಷ್ಟು ಚಂದವಾಗಿ ಮುಚ್ಚಬಹುದು ಅನ್ನೋದರಲ್ಲೂ ಅವರನ್ನು ಮೀರಿಸುವವರಿಲ್ಲ. ನಾವೆಲ್ಲಾ ಅದಕ್ಕೆ ಪಾಲಿಶ್ ಹಾಕಿಕೊಂಡು ಕೂತಿದ್ದೆವು. ನಾನು ತ್ರಿಕೋನ ಗಾಳಿಗೆ ಬಿದ್ದಿದೆಯಾ ನೋಡ್ತೀನಿ ಅಂತ ಎದ್ದು ಹೋದೆ. ತಿರುಗಿ ಬಂದಾಗ ಭಾವ ಒಂದು ರಸೀದಿಯ ಹಿಂದೆ ಅಂಕಿ ಬರೆಯುತ್ತಿದ್ದರು, ಅಕ್ಕ ಬಗ್ಗಿ ನೋಡುತ್ತಿದ್ದಳು. ಜಗಳ ಆದ ಹಾಗೆ ಕಾಣಲಿಲ್ಲ. ಸಮಾಧಾನ ಆದ ಹಾಗೂ ಕಾಣಲಿಲ್ಲ.

ಉಳಿದ ರಿಪೇರಿ ಬೇಗ ಆಯಿತು. ಹೋಸು ಕತ್ತರಿಸಿ, ತಿರುಗಿಸಿ ಜೋಡಿಸಿ, ಕ್ಲಾಂಪ್ ಬಿಗಿದರು. ಎರಡು ಕ್ಯಾನ್ ಕೂಲಂಟ್ ಎಲ್ಲಿಗೂ ಸಾಲಲಿಲ್ಲ. ಉಳಿದದ್ದಕ್ಕೆ ಅಡುಗೆ ಮನೆಯ ಟ್ಯಾಂಕಿನ ನೀರನ್ನೇ ಬಕೆಟ್‌ನಲ್ಲಿ ಹಿಡಿದು ಹುಯ್ದೆವು. ಊರಿಗೆ ಬಂದ ಮೇಲೆ ಅದನ್ನು ಪೂರ್ತಿ ತೆಗೆದು ಸರಿಯಾದ ಕೂಲಂಟ್ ತುಂಬಲೇಬೇಕು. ಈ ಎಂಜಿನ್ನಿನ ಸಿಲಿಂಡರ್ ಸ್ಲೀವ್‌ಗಳ, ಅಂದರೆ ಪಿಸ್ಟನ್ ಓಡುವ ಕೊಳವೆಗಳ, ಹೊರಮೈಗೆ ಕೂಲಂಟ್ ನೇರವಾಗಿ ತಾಗುತ್ತೆ. ಬೇಕಾದ ರಾಸಾಯನಿಕ ಅದರಲ್ಲಿ ಇಲ್ಲದಿದ್ದರೆ ಆ ಲೋಹದಲ್ಲಿ ನಿಧಾನಕ್ಕೆ ತೂತು ಬೀಳುತ್ತೆ. ಆದರೆ ಆವತ್ತಿಗೆ ಆಸ್ಟಿನ್ ತಲುಪಲು ಸಿಂಕಿನ ನೀರು ಸಾಕಾಯಿತು.

ಬಂದ ಮೇಲೆ ನಾನು ಸುಮ್ನೆ ಈ ಬಸ್ ಮನೆಗಳ ವಿಡಿಯೋ ನೋಡುತ್ತಾ ಕೂತೆ. ಎಷ್ಟು ಚಂದದ ಟೈಲ್ಸು, ಎಷ್ಟು ಚಂದದ ಕಪಾಟು! ನಾನು ನೋಡಿದ ಒಂದರಲ್ಲೂ ಹೋಸು ಎಲ್ಲಿ ಹೋಗುತ್ತೆ ಅಂತ ತೋರಿಸಲಿಲ್ಲ. ಡೀಸೆಲ್ ಟ್ಯಾಂಕಿನ ಮೇಲೆ ಎಷ್ಟೋ ಬಸ್ಸುಗಳಲ್ಲಿ ನೆಲಕ್ಕೊಂದು ಮುಚ್ಚಳ ಇರುತ್ತಂತೆ, ಅದರ ಮೇಲೆ ಫ್ಲೋರಿಂಗ್ ಅಂಟಿಸಿಬಿಡುತ್ತಾರೆ. ಎಂಜಿನ್ ಹಿಂದಿರುವ ಬಸ್ಸಾದರೆ ಎಂಜಿನ್ನಿನ ಮುಚ್ಚಳದ ಮೇಲೇ ಮಂಚ. ಏರ್ ಬ್ರೇಕ್ ಇನ್ನೊಂದು ಕಥೆ. ಗಾಳಿ ಪೂರ್ತಿ ಹೋದರೆ ಸ್ಪ್ರಿಂಗ್‌ಗಳು ಹಿಂದಿನ ಚಕ್ರಗಳನ್ನು ಬಿಗಿಯಾಗಿ ಹಿಡಿದುಬಿಡುತ್ತವೆ, ಟೋ ಲಾರಿ ಬಂದರೂ ಎಳೆಯಲು ಆಗಲ್ಲ. ಹೊರಗಿಂದ ಗಾಳಿ ಕೊಡಬೇಕು, ಇಲ್ಲಾ ಚಕ್ರಕ್ಕೆ ಅಡ್ಡ ಕೊಟ್ಟು ಒಂದು ಉದ್ದ ಬೋಲ್ಟ್ ಹಾಕಿ ಸ್ಪ್ರಿಂಗನ್ನು ಹಿಂದಕ್ಕೆ ಎಳೆದಿಡಬೇಕು. ಆ ಬೋಲ್ಟು ಸಾಮಾನ್ಯವಾಗಿ ಆ ಸ್ಪ್ರಿಂಗ್ ಇರುವ ಬ್ರೇಕ್ ಚೇಂಬರಿನ ಪಕ್ಕದಲ್ಲೇ ಸಿಕ್ಕಿಸಿರುತ್ತೆ. ಭಾವನ ಬಸ್ಸಿನಲ್ಲಿ ಅದರ ಮುಂದೆ ಅವರೇ ವೆಲ್ಡ್ ಮಾಡಿಸಿದ ಡಬ್ಬಿ. ಡಬ್ಬಿಯ ತುಂಬಾ ಸ್ಪ್ಯಾನರ್.

ನಿನ್ನೆ ಫೋನ್ ಮಾಡಿದ್ದೆ. ಬಸ್ಸಿನ ಒಳಗೆ ಗರಗಸದ ಸದ್ದು. ವಾಲ್‌ನಟ್‌ನಲ್ಲಿ ಬಾಗಿಲು ಕೊರೆಯುತ್ತಿದ್ದಾರೆ. ಹಿಂದಿನ ಹೀಟರ್ ಕಿತ್ತುಹಾಕಿದರೆ ತೊಂದರೆಯೇ ಇಲ್ಲ ಅಂತ ನಾನು ಅಂದರೆ ಭಾವ ಕೇಳಲ್ಲ, ಇರಲಿ ಅಂತಾರೆ. ಆ ಬಾಗಿಲುಗಳ ವಿಷಯಕ್ಕೆ ಗಂಡ ಹೆಂಡತಿಗೆ ಜಗಳ ಬೇರೆ. ಮರದ ಗೆರೆ ಕೂಡುವ ಹಾಗೆ ಕೂರಿಸಿ ಬಾಗಿಲು ಇರುವುದೇ ಗೊತ್ತಾಗದಂತೆ ಮಾಡ್ತೀನಿ ಅಂತ ಭಾವ. ಕೆಂಪು ಬಣ್ಣ ಬಳಿದು ದೊಡ್ಡ ಹಿಡಿ ಹಾಕಿ ಅಂತ ಅಕ್ಕ. ಇಬ್ಬರಲ್ಲಿ ಯಾರು ಗೆಲ್ಲುತ್ತಾರೋ ನೋಡಬೇಕು.

ಟೈರ್ ಕೆಲಸ ಇನ್ನೂ ಬಾಕಿ. ಈ ಬಸ್ಸಿನಲ್ಲಿ ಸ್ಟೆಪ್ನಿ ಇಲ್ಲ, ಒಬ್ಬರು ಎತ್ತಿ ಹಾಕುವಂಥ ಚಕ್ರವೂ ಅಲ್ಲ. ಹಾಗಾಗಿ ಟೈರಿನ ವಯಸ್ಸು ನೋಡಿಕೊಂಡೇ ಹೊರಡಬೇಕು. ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, 2317 ಅಂತಿದ್ದರೆ 2017ರ 23ನೇ ವಾರ. ಹಿಂದಿನ ಜೋಡಿ ಟೈರುಗಳಲ್ಲಿ ಒಳಗಿನದರ ಅಂಕಿ ಹೊರಗಿಂದ ಕಾಣಲ್ಲ, ಬಸ್ಸಿನ ಅಡಿ ನುಗ್ಗಿ ಟಾರ್ಚ್ ಬಿಡಬೇಕು. ಶನಿವಾರ ನನ್ನನ್ನೇ ಕರೆದಿದ್ದಾರೆ. ಅಲ್ಲಿಗೆ ನಾನಾದರೆ ನುಗ್ಗಬಹುದಂತೆ, ಅವರ ಹೊಟ್ಟೆ ಅಡ್ಡ ಬರುತ್ತಂತೆ. ಹಳೇ ಬಟ್ಟೆ ಹಾಕ್ಕೊಂಡು ಬಾ ಅಂತ ಅಕ್ಕ ಆಗಲೇ ಮೆಸೇಜ್ ಹಾಕಿದ್ದಾಳೆ.