ಮೂರು ಕಾಲಂ ನೋಟ್‌ಬುಕ್

ಮೇಷ್ಟ್ರು ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದ ರಾತ್ರಿ ಅಟ್ಟದಿಂದ ಹಳೇ ಟ್ರಂಕ್ ಇಳಿಸಿದೆ. ನೋಟ್‌ಬುಕ್ ಇನ್ನೂ ಇತ್ತು. ಪುಟಕ್ಕೆ ಮೂರು ಕಾಲಂ: ಸನ್, ಲಿನಕ್ಸ್, ವಿಂಡೋಸ್. ನಮ್ಮ ಲ್ಯಾಬಿನಲ್ಲಿದ್ದ ಮೂರು ಬಗೆಯ ಕಂಪ್ಯೂಟರ್.

ಅದು 2001. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಎಲ್ಲರೂ ಒಂದೇ ಸೋಲಾರಿಸ್ (ಸನ್ ಕಂಪನಿಯ ಆಪರೇಟಿಂಗ್ ಸಿಸ್ಟಂ) ಸರ್ವರ್‌ಗೆ ಲಾಗಿನ್ ಆಗುತ್ತಿದ್ದೆವು. 'ವಾಲ್' ಅನ್ನೋ ಕಮಾಂಡ್ ಕೊಟ್ಟರೆ ಎಲ್ಲರ ಪರದೆಗೂ ಮೆಸೇಜ್ ಹೋಗುತ್ತದೆ ಅಂತ ನನಗೂ ಗೆಳೆಯನಿಗೂ ಗೊತ್ತಾಯಿತು. ಇಂಟರ್ನಲ್ಸ್ ದಿನವೇ, ಐದು ನಿಮಿಷದಲ್ಲಿ ಸರ್ವರ್ ಬಂದ್ ಅಂತ ಕಳಿಸಿಬಿಟ್ಟೆವು. ಅರ್ಧ ಕ್ಲಾಸು ಎದ್ದು ಹೊರಟಿತು. ಆದರೆ ಆ ಮೆಸೇಜಿನ ಮೊದಲ ಸಾಲಲ್ಲೇ ಕಳಿಸಿದವರ ಲಾಗಿನ್ ಹೆಸರು ಇರುತ್ತದೆ. ನಾವು ಅದನ್ನು ಗಮನಿಸಿರಲಿಲ್ಲ.

ಮೇಷ್ಟ್ರು ಬೈಯಲಿಲ್ಲ. "ಮೆಸೇಜ್ ಕಳಿಸೋ ಆಸೆ ಜಾಸ್ತಿ ಅಲ್ವಾ? ನೀವೇ ಒಂದು ಚಾಟ್ ಸರ್ವರ್ ಬರೀರಿ. ಒಂದೇ ಸೋರ್ಸ್ ಕೋಡ್, ಮೂರೂ ಮಷೀನಲ್ಲಿ ಓಡಬೇಕು. ಬಂದ ಎರರ್ ಎಲ್ಲ ಬರೆದಿಡಿ" ಅಂದರು.

ಸೋಲಾರಿಸ್‌ನಲ್ಲಿ ಕಂಪೈಲ್ ಆಯಿತು, ಅಂದರೆ ಕೋಡ್ ಮಷೀನ್ ಭಾಷೆಗೆ ತಿರುಗಿತು. ಲಿಂಕ್ ಆಗಲಿಲ್ಲ, ಅಂದರೆ ಬೇಕಾದ ಲೈಬ್ರರಿ ಜೊತೆ ಜೋಡಣೆಯಾಗಲಿಲ್ಲ. ಅಲ್ಲಿ ಆಗ ಸಾಕೆಟ್ ಕೋಡ್ (ನೆಟ್‌ವರ್ಕ್ ಮೇಲೆ ಮಾತಾಡೋ ಭಾಗ) ಬೇರೆ ಲೈಬ್ರರಿಯಲ್ಲಿತ್ತು, 'ಮೈನಸ್ ಎಲ್ ಸಾಕೆಟ್' ಅಂತ ಸೇರಿಸಬೇಕಿತ್ತು. ಅದೇ ಮೇಕ್‌ಫೈಲ್ (ಪ್ರೋಗ್ರಾಂ ಕಟ್ಟುವ ಸೂಚನೆಗಳ ಫೈಲ್) ಲಿನಕ್ಸಿಗೆ ಒಯ್ದರೆ ಅಂಥ ಲೈಬ್ರರಿಯೇ ಇಲ್ಲ ಅಂದಿತು. ಅಲ್ಲಿ ಎಲ್ಲ ಸಿ ಭಾಷೆಯ ಲೈಬ್ರರಿಯೊಳಗೇ ಇದೆ. ವಿಂಡೋಸ್‌ನಲ್ಲಿ ಮೊದಲು ನೆಟ್‌ವರ್ಕ್ ಶುರುಮಾಡುವ ಡಬ್ಲ್ಯುಎಸ್ಎ ಸ್ಟಾರ್ಟಪ್ ಫಂಕ್ಷನ್ ಕರೆಯದಿದ್ದರೆ 10093 ಅಂತ ಎರರ್. ಸಾಕೆಟ್ ಮುಚ್ಚೋಕೂ ಬೇರೆ ಫಂಕ್ಷನ್.

ನಿಜವಾಗಿ ಒದ್ದಾಡಿದ್ದು ಬೇರೆಯದಕ್ಕೆ. ಲಿನಕ್ಸಿನ ಕ್ಲೈಂಟ್ ಲಿನಕ್ಸಿನ ಸರ್ವರ್ ಜೊತೆ ಚೆನ್ನಾಗಿ ಮಾತಾಡುತ್ತಿತ್ತು. ಸನ್‌ನಿಂದ ಲಿನಕ್ಸಿಗೆ ಕನೆಕ್ಟ್ ಮಾಡಿದರೆ ಆಗುತ್ತಿರಲಿಲ್ಲ. ನಾಲ್ಕು ದಿನ ಹೋಯಿತು. ಮೇಷ್ಟ್ರು ಬಂದು, ಸರ್ವರ್ ಯಾವ ಪೋರ್ಟಲ್ಲಿ ಕಾಯ್ತಿದೆ ಅಂತ ತೋರಿಸೋ ನೆಟ್‌ಸ್ಟ್ಯಾಟ್ ಕಮಾಂಡ್ ಹಾಕಿಸಿದರು. ಪೋರ್ಟ್ ಅಂದರೆ ಕನೆಕ್ಟ್ ಆಗೋ ಬಾಗಿಲಿನ ನಂಬರ್. ನಾವು ಕೊಟ್ಟಿದ್ದು 5000 ಪೋರ್ಟ್. ಸರ್ವರ್ ಕೂತಿದ್ದು 34835ರಲ್ಲಿ! ಎರಡನ್ನೂ ಹೆಕ್ಸಾಡೆಸಿಮಲ್‌ನಲ್ಲಿ (16ರ ಆಧಾರದ ಸಂಖ್ಯಾ ಪದ್ಧತಿ) ಬೋರ್ಡ್ ಮೇಲೆ ಬರೆಸಿದರು. 1388. ಅದರ ಕೆಳಗೆ 8813. ಆಮೇಲೆ ಏನೂ ಹೇಳದೆ ಸುಮ್ನೆ ಕಿಟಕಿ ಹತ್ತಿರ ಹೋಗಿ ನಿಂತರು, ನಮಗೇ ಹೊಳೆಯಲಿ ಅಂತ.

ಹೊಳೆಯಿತು. ಸನ್‌ನ ಸ್ಪಾರ್ಕ್ ಚಿಪ್ ಬೈಟ್‌ಗಳನ್ನು (ಇಲ್ಲಿ 13 ಒಂದು, 88 ಇನ್ನೊಂದು) ಇಡುವ ಕ್ರಮವೂ ನೆಟ್‌ವರ್ಕಿನ ಕ್ರಮವೂ ಒಂದೇ. ಲಿನಕ್ಸ್ ಮಷೀನಿನ ಇಂಟೆಲ್ ಚಿಪ್‌ನದು ತಿರುಗುಮುರುಗು. ಎರಡೂ ಕಡೆ ಲಿನಕ್ಸ್ ಇದ್ದಾಗ ಎರಡೂ ಒಂದೇ ಥರ ತಿರುಗಿಸುತ್ತಿದ್ದರಿಂದ ತಪ್ಪು ಕಂಡಿರಲಿಲ್ಲ. ಅದಕ್ಕೇ ಬೈಟ್‌ಗಳನ್ನು ನೆಟ್‌ವರ್ಕಿನ ಕ್ರಮಕ್ಕೆ ತರೋ ಹೆಚ್‌ಟಾನ್ಸ್ ಫಂಕ್ಷನ್ ಬೇಕು, ನಾವು ಬಿಟ್ಟಿದ್ದೆವು.

ಆ ವರ್ಷ ಸಿಲಬಸ್‌ನಲ್ಲಿ ಇನ್ನೇನಿತ್ತೋ ನೆನಪಿಲ್ಲ. ಆ ಎರಡು ಸಂಖ್ಯೆ ಮಾತ್ರ ಈಗಲೂ ಕಣ್ಣ ಮುಂದಿವೆ. ಇವತ್ತು ಯಾವ ಮಷೀನ್ ಕೊಟ್ಟರೂ ಸೋರ್ಸಿನಿಂದ ಕಟ್ಟಿ ಓಡಿಸಬಲ್ಲೆ ಅನ್ನೋ ಹೆಮ್ಮೆ ನನಗಿದೆ. ಆಫೀಸಿನಲ್ಲಿ ಲಿಂಕ್ ಆಗದ ಕೋಡ್ ಎದುರಾದರೆ ನನ್ನನ್ನೇ ಕರೆಯುತ್ತಾರೆ.

ಈಗಿನ ಮಕ್ಕಳು ಬುದ್ಧಿವಂತರು. ಒಂದೇ ಸಾಲಿನ ಕಮಾಂಡಿಗೆ ಸರ್ವರ್ ಇನ್‌ಸ್ಟಾಲ್ ಆಗಿಬಿಡುತ್ತದೆ, ಅದು ಅವರ ತಪ್ಪಲ್ಲ. ಆದರೆ ಎರರ್ ಬಂದರೆ ಮೊದಲ ಸಾಲು ಓದಿ ಅಂತ ಪಕ್ಕದಲ್ಲಿ ಕೂತು ಹೇಳುವವರು ಬೇಕಲ್ವಾ? ಲ್ಯಾಬ್ ಪರೀಕ್ಷೆಗೆ ಪ್ರೋಗ್ರಾಂ ಬಾಯಿಪಾಠ ಮಾಡುತ್ತಾರೆ ಅಂತ ಕೇಳಿದಾಗ ಸಂಕಟವಾಗುತ್ತದೆ.

ಪ್ರಿನ್ಸಿಪಾಲರ ಹತ್ತಿರ ಮಾತಾಡಿದ್ದೇನೆ. ಎರಡನೇ ಶನಿವಾರ ಲ್ಯಾಬ್ ತೆರೆದಿಡುತ್ತಾರೆ, ನಾನು ಬರುತ್ತೇನೆ. ಲಿನಕ್ಸ್, ವಿಂಡೋಸ್, ಮ್ಯಾಕ್ ಒಂದೊಂದು ಇದ್ದರೆ ಸಾಕು. ಬರುವವರು ಮೂರು ಕಾಲಂ ಹಾಕಿದ ನೋಟ್‌ಬುಕ್ ತನ್ನಿ.