ಹಸಿರು ಮೆಟ್ರೋ ಹಿಡಿದು ತಿಂಡಿಗೆ: ಬೆಂಗಳೂರಲ್ಲಿ ಕಡಿಮೆ ಖರ್ಚಿನ ಒಂದು ದಿನ

ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು ಕಡೆಯಿಂದ ರಾತ್ರಿ ಬಸ್ಸೋ ರೈಲೋ ಹತ್ತಿ ಬೆಳಿಗ್ಗೆ ಐದೂವರೆಗೆ ಮೆಜೆಸ್ಟಿಕ್‌ನಲ್ಲಿ ಇಳಿದವರು ಹಸಿವಲ್ಲಿ ಎದುರಿಗೆ ಕಂಡ ಹೋಟೆಲಿಗೆ ನುಗ್ಗಿ ಇಡ್ಲಿ, ವಡೆ, ದೋಸೆ ಎಲ್ಲಾ ತಿಂದುಬಿಡುತ್ತಾರೆ. ಆಮೇಲೆ ಮಲ್ಲೇಶ್ವರಕ್ಕೋ ಗಾಂಧಿ ಬಜಾರಿಗೋ ಹೋದಾಗ ಹೊಟ್ಟೆಯಲ್ಲಿ ಜಾಗವಿರುವುದಿಲ್ಲ. ಮೆಜೆಸ್ಟಿಕ್‌ನಲ್ಲಿ ಒಂದು ಕಾಫಿ ಸಾಕು. ಬೆಂಗಳೂರಿನ ಒಳ್ಳೆಯ ತಿಂಡಿ ಜಾಗಗಳಲ್ಲಿ ಬಹುಪಾಲು ಮೆಟ್ರೋದ ಹಸಿರು ಮಾರ್ಗದ ಆಸುಪಾಸಿನಲ್ಲೇ ಇವೆ. ಒಂದೊಂದು ಜಾಗದಲ್ಲಿ ಒಂದೇ ತಿಂಡಿ, ಅದೂ ಆ ಜಾಗದ ಹೊತ್ತಿಗೆ ಸರಿಯಾಗಿ ತಿನ್ನುತ್ತಾ ಹೋದರೆ ದುಡ್ಡೂ ಉಳಿಯುತ್ತದೆ, ರುಚಿಯೂ ಸಿಗುತ್ತದೆ.

ಮೊದಲು ಲಗೇಜು. ದೊಡ್ಡ ಬ್ಯಾಗ್ ಹೊತ್ತುಕೊಂಡು ದರ್ಶಿನಿಯಲ್ಲಿ, ಅಂದರೆ ನಿಂತೇ ತಿನ್ನುವ ಸಣ್ಣ ಹೋಟೆಲಿನಲ್ಲಿ, ತಿನ್ನಲು ಆಗುವುದಿಲ್ಲ, ಪಕ್ಕದವರಿಗೂ ಕಷ್ಟ. ರೈಲಿನಲ್ಲಿ ಬಂದವರು ಸಂಗೊಳ್ಳಿ ರಾಯಣ್ಣ ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಟ್ಟು ಹೊರಡಿ. ಬೀಗ ಹಾಕದ ಬ್ಯಾಗನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಊರಿಂದಲೇ ಒಂದು ಸಣ್ಣ ಬೀಗ ತನ್ನಿ. ಟಿಕೆಟ್ಟೂ ಕೈಯಲ್ಲಿರಲಿ.

ಮೆಟ್ರೋ ವಾರದ ದಿನಗಳಲ್ಲಿ ಬೆಳಿಗ್ಗೆ 5ರ ಹೊತ್ತಿಗೇ ಶುರುವಾಗುತ್ತದೆ, ಭಾನುವಾರ ಮಾತ್ರ 7ಕ್ಕೆ. ಭಾನುವಾರ ಬೇಗ ಇಳಿದವರು ಮಲ್ಲೇಶ್ವರಕ್ಕೆ ಬಿಎಂಟಿಸಿ ಬಸ್ಸು ಹಿಡಿಯುವುದು ಮೇಲು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇದ್ದರೆ ಹೆಣ್ಣುಮಕ್ಕಳಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯಡಿ ಟಿಕೆಟ್ಟಿಗೆ ದುಡ್ಡಿಲ್ಲ. ವಜ್ರ, ವಾಯು ವಜ್ರ ಎಸಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. 2025ರ ಫೆಬ್ರುವರಿಯಲ್ಲಿ ದರ ಏರಿದ ಮೇಲೆ ಮೆಟ್ರೋದಲ್ಲಿ ಕನಿಷ್ಠ 10, ಗರಿಷ್ಠ 90 ರೂಪಾಯಿ. ನಾವು ಓಡಾಡುವ ದೂರಗಳು ಚಿಕ್ಕವು, ಹಾಗಾಗಿ ಗರಿಷ್ಠ ದರ ಎಲ್ಲೂ ಕೊಡಬೇಕಾಗುವುದಿಲ್ಲ. ಒಂದೇ ದಿನಕ್ಕಾಗಿ ಸ್ಮಾರ್ಟ್ ಕಾರ್ಡ್ ಕೊಳ್ಳಬೇಕಾಗಿಲ್ಲ, ಮೊಬೈಲಿನ ಕ್ಯೂಆರ್ ಟಿಕೆಟ್ ಸಾಕು.

ಮೆಜೆಸ್ಟಿಕ್‌ನಿಂದ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣಕ್ಕೆ ಬಂದು ಇಳಿಯಿರಿ. ಅಲ್ಲಿಂದ ಮಲ್ಲೇಶ್ವರದ ಏಳನೇ ಕ್ರಾಸಿಗೆ ಸುಮಾರು ಹದಿನೈದು ನಿಮಿಷದ ನಡಿಗೆ. ಮಾರ್ಗೋಸಾ ರಸ್ತೆಯ ಸಿಟಿಆರ್, ಅಂದರೆ ಶ್ರೀ ಸಾಗರ್, ಬೆಣ್ಣೆ ಮಸಾಲೆ ದೋಸೆಗೆ ಹೆಸರಾದದ್ದು. ವಾರದ ದಿನ ಏಳೂವರೆಯೊಳಗೆ ಹೋದರೆ ಕೂರಲು ಜಾಗ ಸಿಗುತ್ತದೆ. ಶನಿವಾರ, ಭಾನುವಾರ ಎಂಟೂವರೆ ದಾಟಿತೆಂದರೆ ಬಾಗಿಲಾಚೆ ಜನ ನಿಂತಿರುತ್ತಾರೆ, ಕೂತವರ ಬೆನ್ನ ಹಿಂದೆ ನಿಂತು ಅವರು ಏಳುವುದನ್ನೇ ಕಾಯಬೇಕು. ಇಬ್ಬರಿದ್ದರೆ ಒಂದೇ ದೋಸೆ ಹಂಚಿಕೊಳ್ಳಿ. ಕೈಗೆ ಬೆಣ್ಣೆ ಹತ್ತುವಷ್ಟು ಜಿಡ್ಡಿರುವ ದೋಸೆ ಅದು, ಒಬ್ಬರೇ ಪೂರಾ ತಿಂದರೆ ಮಧ್ಯಾಹ್ನದವರೆಗೆ ಬೇರೇನೂ ಹೋಗುವುದಿಲ್ಲ. ಅಲ್ಲಿಂದ ಇನ್ನೂ ಹತ್ತು ಹನ್ನೆರಡು ನಿಮಿಷ ನಡೆದರೆ ಹದಿನೈದನೇ ಕ್ರಾಸಿನ ವೀಣಾ ಸ್ಟೋರ್ಸ್. ಇಲ್ಲಿ ಕೂರುವ ವ್ಯವಸ್ಥೆಯೇ ಇಲ್ಲ, ತಟ್ಟೆ ಹಿಡಿದು ಫುಟ್‌ಪಾತಿನಲ್ಲಿ ನಿಂತು ತಿನ್ನಬೇಕು. ಇಡ್ಲಿ, ಚಟ್ನಿ ಸಾಕು. ವಯಸ್ಸಾದವರು ಜೊತೆಗಿದ್ದರೆ ವೀಣಾ ಬಿಟ್ಟು ಎಂಟನೇ ಕ್ರಾಸಿನ ಜನತಾ ಹೋಟೆಲಿಗೆ ಕರೆದೊಯ್ಯಿರಿ, ಕುರ್ಚಿ ಮೇಜು ಇದೆ.

ದರ್ಶಿನಿಯ ಪದ್ಧತಿ ಹೊಸಬರಿಗೆ ಸ್ವಲ್ಪ ಗಲಿಬಿಲಿ ಮಾಡುತ್ತದೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗಿಂದ ಕ್ರಮ ಒಂದೇ: ಮೊದಲು ಕ್ಯಾಷ್ ಕೌಂಟರಿನಲ್ಲಿ ದುಡ್ಡು ಕೊಟ್ಟು ಚೀಟಿ ತೆಗೆದುಕೊಳ್ಳಬೇಕು, ಅದನ್ನು ಅಡುಗೆ ಕೌಂಟರಿಗೆ ಕೊಟ್ಟು ತಿಂಡಿ ಪಡೆಯಬೇಕು. ಕಾಫಿಗೆ ಬೇರೆ ಕೌಂಟರ್ ಇರುತ್ತದೆ. ತಿಂಡಿಯ ಜೊತೆಗೇ ಕಾಫಿ ಚೀಟಿಯನ್ನೂ ತೆಗೆದಿಟ್ಟುಕೊಳ್ಳಿ, ಇಲ್ಲವಾದರೆ ಎಂಜಲು ಕೈಯಲ್ಲಿ ಮತ್ತೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಕಾಫಿಯನ್ನು ತಿಂಡಿ ಮುಗಿಯುವ ಹೊತ್ತಿಗೆ ಹೋಗಿ ಕೇಳಿ, ಮೊದಲೇ ತಂದಿಟ್ಟರೆ ಆರಿಹೋಗುತ್ತದೆ. ಚಟ್ನಿ, ಸಾಂಬಾರ್ ಎರಡನೇ ಸಲ ಕೇಳಲು ಸಂಕೋಚ ಬೇಡ, ಬಹಳ ಕಡೆ ಹಾಕುತ್ತಾರೆ. ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸದೆ ಬೇರೆಯಾಗಿ ಕೊಡಿ ಎಂದು ಹೇಳಿದರೆ ಗರಿಗರಿ ಉಳಿಯುತ್ತದೆ. ಇಬ್ಬರಿಗೆ ಬೈ ಟು ಕಾಫಿ ಕೇಳುವುದು ಇಲ್ಲಿ ದಿನನಿತ್ಯದ ಮಾತು. ಖಾರಾಬಾತ್, ಕೇಸರಿಬಾತ್ ಎರಡೂ ಬೇಕಾದವರು ಚೌಚೌ ಬಾತ್ ಕೇಳಬೇಕು, ಬಿಡಿಯಾಗಿ ಎರಡು ಪ್ಲೇಟ್ ತೆಗೆದುಕೊಳ್ಳುವುದಕ್ಕಿಂತ ಅದು ಅಗ್ಗ.

ಹೆಸರು ಗೊತ್ತಿಲ್ಲದ ದರ್ಶಿನಿ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ದೋಸೆ ಕಾವಲಿಯ ಎದುರು ಎರಡು ನಿಮಿಷ ನಿಂತರೆ ಸಾಕು. ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಲ್ಲಿ ಒರೆಸಿ, ಸಾಲಾಗಿ ಹಿಟ್ಟು ಹುಯ್ಯುತ್ತಾ ಒಂದು ಬ್ಯಾಚ್ ತೆಗೆಯುವಷ್ಟರಲ್ಲಿ ಇನ್ನೊಂದು ಬ್ಯಾಚಿನ ಚೀಟಿಗಳು ಬಂದಿದ್ದರೆ ಅಲ್ಲಿ ಹಿಟ್ಟು ನಿಲ್ಲುವುದಿಲ್ಲ, ಹುಳಿಯೂ ಮೀರುವುದಿಲ್ಲ. ಒಂದು ಮೂಲೆಯಲ್ಲಿ ಒಂದೇ ದೋಸೆ ಬೇಯುತ್ತಿದ್ದರೆ ಬೇರೆ ಕಡೆ ಹೋಗಿ. ಇಡ್ಲಿಯನ್ನು ಹಾಟ್‌ಬಾಕ್ಸಿನಿಂದ ತೆಗೆದುಕೊಡುತ್ತಿದ್ದರೆ ಬೆವೆತು ತಳ ಒದ್ದೆಯಾಗಿರುತ್ತದೆ. ಹಬೆಯಾಡುವ ತಟ್ಟೆಯಿಂದ ನೇರ ಬರುತ್ತಿದ್ದರೆ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಹನ್ನೊಂದರ ಮೇಲೆ ಕಾಯಿಚಟ್ನಿಯನ್ನು ಮೊದಲು ಬೆರಳ ತುದಿಯಲ್ಲಿ ನೋಡಿ, ಬೆಳಿಗ್ಗೆ ರುಬ್ಬಿದ್ದು ಆ ಹೊತ್ತಿಗೆ ಹುಳಿ ಹಿಡಿದಿರಬಹುದು. ಕಾಫಿಯಲ್ಲಿ ನೋಡಬೇಕಾದದ್ದು ಹಾಲು. ಲೋಟಕ್ಕೆ ಡಿಕಾಕ್ಷನ್ ಹಾಕಿ ಮೇಲೆ ಕುದಿಯುವ ಹಾಲು ಹುಯ್ದುಕೊಟ್ಟರೆ ಸರಿ. ಬೆಳಿಗ್ಗೆಯಿಂದ ಕಾಯುತ್ತಲೇ ಇರುವ ಹಾಲಿಗೆ ಬೇರೆಯೇ ಒಂದು ವಾಸನೆ ಬರುತ್ತದೆ, ಎಷ್ಟು ಸ್ಟ್ರಾಂಗ್ ಮಾಡಿಸಿಕೊಂಡರೂ ಅದು ಹೋಗುವುದಿಲ್ಲ.

ಮಲ್ಲೇಶ್ವರ ಮುಗಿಸಿ ಮೆಟ್ರೋ ಹತ್ತಿದರೆ ಚಿಕ್ಕಪೇಟೆ ನಿಲ್ದಾಣದ ಬಳಿ ಬಳೇಪೇಟೆಯ ಉಡುಪಿ ಶ್ರೀ ಕೃಷ್ಣ ಭವನವಿದೆ, ಸಾಗು ದೋಸೆಗೆ ಪ್ರಸಿದ್ಧ. ಸೀರೆ ವ್ಯಾಪಾರಕ್ಕೆ ಪೇಟೆಗೆ ಹೋಗುವವರಿಗೆ ಇದು ಅನುಕೂಲ. ಬರೀ ತಿಂಡಿಗೆ ಬಂದವರು ಮುಂದೆ ಹೋಗಿ ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿಯಿರಿ. ಈ ಒಂದೇ ನಿಲ್ದಾಣದಿಂದ ಮೂರು ಕಡೆಗೆ ನಡೆದು ಹೋಗಬಹುದು.

ಹತ್ತು ಹನ್ನೆರಡು ನಿಮಿಷ ನಡೆದರೆ ಶಂಕರಪುರದ ಬ್ರಾಹ್ಮಣರ ಕಾಫಿ ಬಾರ್, 1965ರಿಂದ ಇದೆ. ಪಟ್ಟಿ ಬಹಳ ಚಿಕ್ಕದು: ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಸಾಂಬಾರ್ ಇಲ್ಲ, ಚಟ್ನಿ ಮಾತ್ರ, ಅದನ್ನು ಎಷ್ಟು ಸಲ ಬೇಕಾದರೂ ಹಾಕುತ್ತಾರೆ. ಪಟ್ಟಿ ಚಿಕ್ಕದಾಗಿರುವುದರಿಂದಲೇ ಪ್ರತಿಯೊಂದೂ ಬಿಸಿಯಾಗಿ ಸಿಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಕೊಟ್ಟ ದುಡ್ಡಿಗೆ ಸಿಗುವ ರುಚಿಯ ಲೆಕ್ಕದಲ್ಲಿ ಈ ಇಡೀ ಮಾರ್ಗದಲ್ಲಿ ಮೊದಲ ಸ್ಥಾನ ಇದಕ್ಕೇ ಕೊಡಬೇಕು. ಭಾನುವಾರ ರಜೆ, ವಾರದ ದಿನಗಳಲ್ಲೂ ಮಧ್ಯಾಹ್ನ ಮುಚ್ಚಿ ಮೂರರ ಹೊತ್ತಿಗೆ ಮತ್ತೆ ತೆರೆಯುತ್ತಾರೆ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಶುಕ್ರವಾರ ರಜೆ. ಇದು ಗೊತ್ತಿಲ್ಲದೆ ಶುಕ್ರವಾರವೇ ಹೋಗಿ ಮುಚ್ಚಿದ ಬಾಗಿಲು ನೋಡಿ ಬರುವವರು ಬಹಳ. ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು, ವಾರಾಂತ್ಯದಲ್ಲಿ ಆ ಕಾಯುವಿಕೆ ಒಂದು ಗಂಟೆಗೆ ಹೋಗಬಹುದು. ವಾರದ ದಿನ ಮಧ್ಯಾಹ್ನ ಎರಡು, ಎರಡೂವರೆಗೆ ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಅಷ್ಟು ಕಾಯಬೇಕಿಲ್ಲ. ದೋಸೆ ಇಲ್ಲಿ ದಪ್ಪ, ಹೊರಗೆ ಕೆಂಪಗೆ ಗರಿ, ಒಳಗೆ ಮೆತ್ತಗೆ, ಜೊತೆಗೆ ನೀರಾಗಿರುವ ಚಟ್ನಿ. ತೆಳು ದೋಸೆ ಇಷ್ಟಪಡುವವರಿಗೆ ಇದು ಹಿಡಿಸದಿರಬಹುದು, ಅಂಥವರು ಡಿವಿಜಿ ರಸ್ತೆಯ ಮಹಾಲಕ್ಷ್ಮಿ ಟಿಫಿನ್ ರೂಮಿನ ಖಾಲಿ ದೋಸೆ ನೋಡಲಿ.

ಲಾಲ್‌ಬಾಗ್ ರಸ್ತೆಯ ಎಂಟಿಆರ್ 1924ರಿಂದ ಇದೆ, ಸೋಮವಾರ ರಜೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆ ಇಡ್ಲಿ ಹುಟ್ಟಿದ್ದು ತಮ್ಮಲ್ಲೇ ಎಂದು ಹೋಟೆಲಿನವರು ಹೇಳುತ್ತಾರೆ. ಅಲ್ಲಿನ ಪೂರಾ ಊಟ ಚೆನ್ನಾಗಿದೆ, ಆದರೆ ಒಂದು ದಿನದ ಬಜೆಟ್ಟಿನ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಕೈ ಬಿಗಿಯಿರುವವರು ಬೆಳಗಿನ ರವೆ ಇಡ್ಲಿ, ಸಾಗು, ಒಂದು ಕಾಫಿಗೆ ಹೋಗಿ ಬನ್ನಿ. ಲಾಲ್‌ಬಾಗಿನೊಳಗೆ ಹಾಪ್‌ಕಾಮ್ಸ್ ಮಳಿಗೆಯಲ್ಲಿ ಹಣ್ಣಿನ ರಸ ಸಿಗುತ್ತದೆ, ಬಿಸಿಲಲ್ಲಿ ತೋಟ ಸುತ್ತುವವರಿಗೆ ಒಳ್ಳೆಯದು.

ಮಧ್ಯಾಹ್ನದ ಊಟದಲ್ಲಿ ದುಡ್ಡು ಹೋಗುವ ದಾರಿ ಬೇರೆ. ಉಡುಪಿ ಮಾದರಿಯ ಹಲವು ಹೋಟೆಲುಗಳಲ್ಲಿ ಕೆಳಗೆ ಸೆಲ್ಫ್ ಸರ್ವಿಸ್, ಒಳಗೆ ಕೂತು ತಿನ್ನುವ ಹಾಲ್, ಮೇಲೆ ಎಸಿ ಹಾಲ್ ಇರುತ್ತವೆ. ಅಡುಗೆಮನೆ ಒಂದೇ, ದರಪಟ್ಟಿ ಮಾತ್ರ ಬೇರೆ ಬೇರೆ. ಮಕ್ಕಳೋ ವಯಸ್ಸಾದವರೋ ಇದ್ದರೆ ಹಾಲಿಗೆ ಹೋಗಿ, ಇಲ್ಲದಿದ್ದರೆ ಕೆಳಗೇ ತಿನ್ನಿ. ಅನ್ನ ಸಾರು ಮತ್ತೆ ಬಡಿಸುತ್ತಾರೋ ಇಲ್ಲವೋ ಎಂಬುದನ್ನು ಚೀಟಿ ತೆಗೆಯುವಾಗಲೇ ಕೇಳಿ. ಪ್ಲೇಟ್ ಊಟ ಅಥವಾ ಮಿನಿ ಊಟದಲ್ಲಿ ಸಾಮಾನ್ಯವಾಗಿ ಎರಡನೇ ಸಲ ಇರುವುದಿಲ್ಲ. ಊಟದ ಹೊತ್ತು ಹನ್ನೆರಡೂವರೆಯಿಂದ ಮೂರರವರೆಗೆ. ಮೂರು ದಾಟಿದರೆ ಪಲ್ಯ ಮುಗಿದಿರುತ್ತದೆ, ಸಾರಿನ ತಳ ಉಳಿದಿರುತ್ತದೆ. ಬಿಲ್ಲಿನಲ್ಲಿ ಶೇ 5 ಜಿಎಸ್‌ಟಿ ಇರಬಹುದು. ಸರ್ವಿಸ್ ಚಾರ್ಜ್ ಎಂದು ಬೇರೆಯಾಗಿ ಸೇರಿಸಿದ್ದರೆ ಕೊಡಲೇಬೇಕೆಂದಿಲ್ಲ, ತೆಗೆಯಿರಿ ಎಂದು ಹೇಳಬಹುದು. ತೀರಾ ಕಡಿಮೆಯಲ್ಲಿ ಮುಗಿಸಬೇಕಾದವರಿಗೆ ಇಂದಿರಾ ಕ್ಯಾಂಟೀನ್ ಇದೆ. 2017ರಲ್ಲಿ ತಿಂಡಿಗೆ 5, ಊಟಕ್ಕೆ 10 ರೂಪಾಯಿಯಂತೆ ಶುರುವಾದವು ಅವು. ಬೇಗ ಹೋಗಿ, ಪ್ಲೇಟು ಮುಗಿದರೆ ಮುಗಿಯಿತು.

ಮಾಂಸಾಹಾರಿಗಳು ಮಧ್ಯಾಹ್ನವನ್ನು ಮಿಲಿಟರಿ ಹೋಟೆಲಿಗೆ ಮೀಸಲಿಡಿ. ಜಯನಗರ ಎಂಟನೇ ಬ್ಲಾಕಿನ ಶಿವಾಜಿ ಮಿಲಿಟರಿ ಹೋಟೆಲ್‌ಗೆ ಬನಶಂಕರಿ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯಬಹುದು. ಮಟನ್ ದೊನ್ನೆ ಬಿರಿಯಾನಿ ಅಲ್ಲಿನ ಮುಖ್ಯ ವಸ್ತು. ಹನ್ನೆರಡೂವರೆಯೊಳಗೆ ತಲುಪಿ. ಒಂದು ಸಲಕ್ಕೆ ಇಷ್ಟೇ ಎಂದು ಬೇಯಿಸುವ ಅಡುಗೆ ಅದು, ಮಧ್ಯಾಹ್ನ ಕಳೆಯುವಷ್ಟರಲ್ಲಿ ಒಂದೊಂದೇ ಖಾಲಿಯಾಗುತ್ತದೆ. ಇಬ್ಬರಿಗೆ ಒಂದು ಬಿರಿಯಾನಿ, ಒಂದು ಚಾಪ್ಸ್ ಸಾಕಾಗುತ್ತದೆ.

ಕುಡಿಯುವುದಕ್ಕೆ ನಂದಿನಿ ಪಾರ್ಲರುಗಳಿಗಿಂತ ಅಗ್ಗದ್ದು ಬೇರೆ ಇಲ್ಲ: ಮಸಾಲೆ ಮಜ್ಜಿಗೆ ಪ್ಯಾಕೆಟ್, ಲಸ್ಸಿ, ಬಾದಾಮಿ ಹಾಲು. ಪ್ಯಾಕೆಟ್ಟಿನ ಮೇಲಿನ ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ ಕೊಡಬೇಡಿ, ಬಸ್ ನಿಲ್ದಾಣದ ಅಂಗಡಿಗಳಲ್ಲಿ ‘ಕೂಲಿಂಗ್ ಚಾರ್ಜ್’ ಎನ್ನುವುದುಂಟು. ಹೋಟೆಲಿನಲ್ಲಿ ಬಾಟಲಿ ತೆರೆಯುವ ಮೊದಲೇ ಬಿಸಿನೀರು ಕೇಳಿ, ನಿಮ್ಮ ಬಾಟಲಿಗೂ ತುಂಬಿಸಿಕೊಳ್ಳಬಹುದು.

ಸಂಜೆ ಆರೂವರೆ ಮೇಲೆ ಮತ್ತೆ ನ್ಯಾಷನಲ್ ಕಾಲೇಜ್ ನಿಲ್ದಾಣಕ್ಕೆ ಬನ್ನಿ. ಹತ್ತು ನಿಮಿಷದೊಳಗೆ ಸಜ್ಜನ್ ರಾವ್ ವೃತ್ತ, ಅಲ್ಲೇ ವಿವಿ ಪುರದ ತಿಂಡಿ ಬೀದಿ. ಬೀದಿ ಚಿಕ್ಕದು, ಆದ್ದರಿಂದ ಮೊದಲು ಏನೂ ಕೊಳ್ಳದೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಿ. ಮೊದಲ ಅಂಗಡಿಯಲ್ಲೇ ಎರಡು ದೋಸೆ ತಿಂದು ಉಳಿದದ್ದನ್ನು ಕಣ್ಣಲ್ಲಿ ನೋಡುತ್ತಾ ನಡೆಯುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಕಾವಲಿಯಿಂದ ತುಪ್ಪದ ಜೊತೆ ಬರುವ ಬಿಸಿ ಹೋಳಿಗೆ, ಅಕ್ಕಿ ರೊಟ್ಟಿ, ವಿಬಿ ಬೇಕರಿಯ ಖಾರ ಬನ್, ಕೊನೆಗೆ ಬೆಣ್ಣೆ ಗುಲ್ಕನ್. ನಾಲ್ಕು ಜನರಿದ್ದರೆ ಪ್ರತಿಯೊಂದೂ ಎರಡು ಪ್ಲೇಟ್ ಸಾಕು. ಸಿಹಿಯನ್ನು ಮೊದಲು ತಿಂದರೆ ಖಾರ ಸಪ್ಪೆಯಾಗುತ್ತದೆ, ಕೊನೆಗಿಟ್ಟುಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ಬರುವವರಿಗೆ ಸೊಗಡು ಅವರೆಕಾಯಿಯ ಕಾಲ. ಆಗ ಬೇರೆಲ್ಲಾ ಬಿಟ್ಟು ಹಿತಕಿದ ಬೇಳೆಯ ದೋಸೆ, ಅವರೆಬೇಳೆ ಉಪ್ಪಿಟ್ಟು ಹುಡುಕಿ.

ಕೈಯಲ್ಲಿ ಹತ್ತು, ಇಪ್ಪತ್ತರ ನೋಟುಗಳು ಒಂದಿನ್ನೂರು ರೂಪಾಯಿ ಇರಲಿ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ತೆರಿಗೆ ನೋಟಿಸು ಬಂದು ಗಲಾಟೆಯಾದಾಗ ಹಲವು ಸಣ್ಣ ವ್ಯಾಪಾರಿಗಳು ಯುಪಿಐ ಬೋರ್ಡು ತೆಗೆದು ನಗದು ಮಾತ್ರ ಎಂದು ಬರೆದಿದ್ದರು. ಅಲ್ಲದೆ ಜನಜಂಗುಳಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಬೆಳಿಗ್ಗೆ ಎರಡು ಕಡೆ ತಿಂಡಿ, ಮಧ್ಯಾಹ್ನ ಸಾಧಾರಣ ಸಸ್ಯಾಹಾರಿ ಊಟ, ಸಂಜೆ ತಿಂಡಿ ಬೀದಿ, ಎರಡು ಮೂರು ಕಾಫಿ, ಎಲ್ಲಾ ಸೇರಿ ಒಬ್ಬರಿಗೆ 400ರಿಂದ 500 ರೂಪಾಯಿ ಎಂದು ಲೆಕ್ಕವಿಟ್ಟುಕೊಂಡು ಬನ್ನಿ. ಮಿಲಿಟರಿ ಹೋಟೆಲ್ ಸೇರಿದರೆ ಇನ್ನೂ 200, 250 ಹೆಚ್ಚು.

ಊರಿಗೆ ಒಯ್ಯಲು ಚಕ್ಕುಲಿ, ಕೋಡುಬಳೆ, ಹಪ್ಪಳ ಬೇಕಾದರೆ ಹಗಲಿನಲ್ಲೇ ಗಾಂಧಿ ಬಜಾರಿನ ಸುಬ್ಬಮ್ಮನ ಅಂಗಡಿಯಲ್ಲಿ ಕೊಂಡಿಟ್ಟುಕೊಳ್ಳಿ. ರಾತ್ರಿ ಪ್ರಯಾಣಕ್ಕೆ ಪಾರ್ಸೆಲ್ ಕಟ್ಟಿಸುವವರು ಇಡ್ಲಿ, ಚಟ್ನಿ ಬಿಟ್ಟು ಪುಳಿಯೋಗರೆ ಕೇಳಿ, ಹುಣಸೆ, ಎಣ್ಣೆ ಹಾಕಿದ ಗೊಜ್ಜು ಇರುವುದರಿಂದ ಬೆಳಗಿನವರೆಗೆ ಕೆಡುವುದಿಲ್ಲ. ನ್ಯಾಷನಲ್ ಕಾಲೇಜಿನಿಂದ ಮೆಜೆಸ್ಟಿಕ್ ಮೂರನೇ ನಿಲ್ದಾಣ. ಹನ್ನೊಂದರ ರೈಲಿಗೆ ಒಂಬತ್ತೂವರೆಗೆ ತಿಂಡಿ ಬೀದಿ ಬಿಟ್ಟರೆ ಕ್ಲೋಕ್ ರೂಮಿನ ಸಾಲಿಗೂ ಸಮಯ ಸಿಗುತ್ತದೆ.